ಅವಸರಂ ಲೇದು

ತೆಲುಗಿನಲ್ಲಿ ಅದು ನನ್ನ ಮೊದಲ ಸಿನಿಮಾ. ಹೈದರಾಬಾದಿನಲ್ಲಿ ಶೂಟಿಂಗ್, ನಾನು ಹೀರೋನ ತಾಯಿ. ಕಥೆ ಪೂರ್ತಿ ಗೊತ್ತಿರಲಿಲ್ಲ. ತಾಯಿ ಪಾತ್ರದವರಿಗೆ ಕಥೆ ಯಾರು ಹೇಳ್ತಾರೆ? ಸೀನ್ ಪೇಪರ್ ಒಂದು ಕೈಗೆ ಬರುತ್ತದೆ, ಅಷ್ಟೇ. ಮಗ ನೋಟಿನ ಕಟ್ಟು ಮುಂದಿಡುತ್ತಾನೆ, ನಾನು ಒಂದೇ ಮಾತು ಹೇಳಬೇಕು: ‘ನೀ ಡಬ್ಬು ನಾಕು ಅವಸರಂ ಲೇದು.’

ಸುಲಭ ಅನ್ನಿಸಿತು. ನಿನ್ನ ದುಡ್ಡಿಗೆ ನನಗೇನೂ ಅವಸರ ಇಲ್ಲಪ್ಪ, ನಿಧಾನವಾಗಿ ಕೊಡು ಅಂತ ತಾನೆ? ಮಗನ ತಲೆ ಸವರಿ, ಮೆಲ್ಲಗೆ ನಕ್ಕು ಹೇಳಿದೆ.

ಕಟ್. ನಿರ್ದೇಶಕರು ಮಾನಿಟರ್ ಬಿಟ್ಟು ಎದ್ದು ಬಂದರು. ‘ಅಮ್ಮಾ, ಆ ನವ್ವು ಎಂದುಕಮ್ಮಾ?’ ಆ ನಗು ಯಾಕಮ್ಮ ಅಂತ.

ತೆಲುಗಿನಲ್ಲಿ ಅವಸರಂ ಅಂದರೆ ಅಗತ್ಯ. ನಿನ್ನ ದುಡ್ಡು ನನಗೆ ಬೇಕಿಲ್ಲ ಅಂತ ಮಗನ ಮುಖಕ್ಕೆ ಹೊಡೆದ ಹಾಗೆ ಹೇಳಬೇಕಿದ್ದ ಮಾತದು. ನಾನು ಸಾಲಗಾರನಿಗೆ ವಾಯಿದೆ ಕೊಟ್ಟ ಹಾಗೆ ಹೇಳಿದ್ದೆ. ಸೆಟ್ಟಿನಲ್ಲಿ ಲೈಟ್ ಹುಡುಗರಿಗೂ ನಗು ತಡೆಯಲಾಗಲಿಲ್ಲ.

ಆಮೇಲೆ ತಮಿಳಿಗೆ ಹೋದೆ. ಅಲ್ಲಿ ಅವಸರಂ ಅಂದರೆ ನಮ್ಮ ಹಾಗೇ ಆತುರ. ಮಲಯಾಳಂನಲ್ಲಿ ಅದೇ ಪದಕ್ಕೆ ಅವಕಾಶ ಅಂತ ಅರ್ಥ. ಗೊತ್ತಿಲ್ಲದ ಪದಕ್ಕೆ ನಾನು ಹೆದರುವುದಿಲ್ಲ, ಅರ್ಥ ಕೇಳಿಕೊಳ್ಳುತ್ತೇನೆ. ಗೊತ್ತಿದೆ ಅನ್ನಿಸುವ ಪದಕ್ಕೇ ಜಾಸ್ತಿ ಹೆದರಿಕೆ.

ನನ್ನ ತಯಾರಿ ಎಲ್ಲ ನೋಟ್‌ಬುಕ್ಕಿನಲ್ಲಿ. ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುತ್ತೇನೆ. ತಮಿಳಿಗೆ ಇದು ಎಷ್ಟು ಅನುಕೂಲ ಅಂದರೆ, ತಮಿಳು ಲಿಪಿಯಲ್ಲಿ ಪ ಮತ್ತು ಬ ಎರಡಕ್ಕೂ ಒಂದೇ ಅಕ್ಷರ. ಎಲ್ಲಿ ಏನು ಅನ್ನಬೇಕು ಅಂತ ಅವರಿಗೆ ರೂಢಿಯಿಂದ ಗೊತ್ತು, ನನಗೆ ಗೊತ್ತಾಗಬೇಕಲ್ಲ? ಕನ್ನಡದಲ್ಲಿ ಬರೆದರೆ ಕಿವಿಗೆ ಬಿದ್ದ ಹಾಗೇ ಹಾಳೆಗೆ ಇಳಿಯುತ್ತದೆ. ತಮಿಳು, ಮಲಯಾಳಂ ಎರಡರಲ್ಲೂ ನಾಲಿಗೆ ಮಡಚಿ ಹೇಳುವ ಆ ‘ೞ’ ಮಾತ್ರ ಕಾಡುತ್ತಿತ್ತು. ಮೊದಮೊದಲು ಳ ಬರೆದು ಸುತ್ತ ಗೆರೆ ಎಳೆಯುತ್ತಿದ್ದೆ. ಒಂದು ದಿನ ಕಾಲೇಜಿನ ಹಳಗನ್ನಡ ಪಾಠ ನೆನಪಾಯಿತು. ನಮ್ಮ ಹಳಗನ್ನಡದಲ್ಲೇ ಆ ಅಕ್ಷರ ಇತ್ತಲ್ಲ! ‘ಮೞೆ’ ನಮ್ಮಲ್ಲಿ ಮಳೆಯಾಯಿತು, ತಮಿಳಿನಲ್ಲಿ ‘ಮೞೈ’ ಹಾಗೇ ಉಳಿಯಿತು. ಪರೀಕ್ಷೆಗೆ ಬೈದುಕೊಂಡು ಓದಿದ ಅಕ್ಷರ ಚೆನ್ನೈನಲ್ಲಿ ಹೊಟ್ಟೆಪಾಡಿಗೆ ಬಂತು.

ತೆಲುಗಿನ ‘ಚಾಲಾ’ ಕೂಡ ಹಾಗೇ. ಬರೆಯುವುದು ಚ, ಬಾಯಲ್ಲಿ ‘ತ್ಸಾಲಾ’ ಅಂತ ಬರಬೇಕು. ನಾನು ಕೇಳಿದ ಹಾಗೇ ಬರೆದುಕೊಂಡೆ.

ಬಾಯಿಪಾಠ ಮಾಡುವುದು ಹಿಂದಿನಿಂದ ಮುಂದಕ್ಕೆ. ಈ ನಾಲ್ಕೂ ಭಾಷೆಯಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಮಾತಿನ ಏಟು ಅಲ್ಲೇ ಇರುತ್ತದೆ. ಆ ಕೊನೆಯ ಪದ ಮೊದಲು ಗಟ್ಟಿ ಮಾಡಿಕೊಂಡರೆ ನಡುವೆ ತಡವರಿಸಿದರೂ ಮುಖ ಸರಿಯಾದ ಕಡೆ ಹೋಗಿ ನಿಲ್ಲುತ್ತದೆ.

ಪ್ರಾಂಪ್ಟಿಂಗ್ ಬಗ್ಗೆ ಹೇಳಲೇಬೇಕು. ಡಬ್ಬಿಂಗ್ ಆಗುವ ಸಿನಿಮಾದಲ್ಲಿ ಸೆಟ್ಟಿನ ಸದ್ದು ಹೇಗೂ ಉಳಿಯುವುದಿಲ್ಲ. ಅದಕ್ಕೇ ಅಸಿಸ್ಟೆಂಟ್ ಡೈರೆಕ್ಟರ್ ಕ್ಯಾಮೆರಾ ಪಕ್ಕ ನಿಂತು ಮಾತನ್ನು ಜೋರಾಗಿಯೇ ಓದುತ್ತಾರೆ. ಆರಾಮ ಅನ್ನಿಸುತ್ತದೆ, ಅಲ್ವಾ? ಆದರೆ ಕ್ಲೋಸಪ್‌ನಲ್ಲಿ ಕಣ್ಣು ಸುಳ್ಳು ಹೇಳಲ್ಲ. ಮುಂದಿನ ಪದಕ್ಕೆ ಕಾಯುತ್ತಿರುವ ಕಣ್ಣು ಕಾಯುತ್ತಿರುವ ಹಾಗೇ ಕಾಣುತ್ತದೆ. ನಾನು ಮೊದಲ ಪದ ಮಾತ್ರ ಕೊಡಿ ಅಂತ ಕೇಳಿಕೊಳ್ಳುತ್ತೇನೆ. ಮಾತು ಬರದಿದ್ದರೆ ಸುಮ್ನೆ ಒಂದು ಎರಡು ಮೂರು ಅನ್ನಿ, ಡಬ್ಬಿಂಗ್‌ನಲ್ಲಿ ನೋಡಿಕೊಳ್ಳೋಣ ಅಂದವರೂ ಇದ್ದಾರೆ. ಒಮ್ಮೆ ಹಾಗೂ ಮಾಡಿದೆ. ಪರದೆ ಮೇಲೆ ನೋಡಿದಾಗ ನಾಚಿಕೆಯಾಯಿತು. (ಆ ಚಿತ್ರದ ಕೊನೆಯ ಕಂತಿನ ದುಡ್ಡೂ ಬರಲಿಲ್ಲ, ಅದು ಬೇರೆ ಕಥೆ.)

ಮಲಯಾಳಂನಲ್ಲಿ ಮಾಡಿದ ಚಿತ್ರ ಸಿಂಕ್ ಸೌಂಡ್. ಅಲ್ಲಿ ಪ್ರಾಂಪ್ಟಿಂಗ್ ಇಲ್ಲ, ಸೆಟ್ಟಿನಲ್ಲಿ ಆಡಿದ್ದೇ ಮಾತು. ಆರು ಸಾಲಿಗೆ ಮೂರು ರಾತ್ರಿ ಕೂತಿದ್ದೆ. ‘ಪನಿ’ ಅಂದರೆ ಜ್ವರ, ‘ಪಣಿ’ ಅಂದರೆ ಕೆಲಸ. ನ, ಣ ಬೇರೆ ಮಾಡಿ ಹೇಳುವ ಅಭ್ಯಾಸ ಕನ್ನಡದವರಿಗೆ ಇರುವುದರಿಂದ ಬಚಾವ್.

ಉಚ್ಚಾರಣೆ ಪೂರ್ತಿ ಅವರ ಹಾಗೇ ಆಗಬೇಕು ಅಂತಲೂ ನನಗೆ ಹಟ ಇಲ್ಲ. ಬಿ. ಸರೋಜಾದೇವಿಯವರನ್ನೇ ನೋಡಿ. 1955ರಲ್ಲಿ ಕನ್ನಡದಲ್ಲಿ ಶುರು ಮಾಡಿ ತಮಿಳು, ತೆಲುಗು, ಹಿಂದಿ ಎಲ್ಲ ಕಡೆ ನಾಯಕಿಯಾದರು. ಅವರ ತಮಿಳಿನಲ್ಲಿ ಕನ್ನಡದ ಎಳೆ ಇತ್ತು. ತಮಿಳರು ಅದನ್ನೇ ಮೆಚ್ಚಿ ‘ಕನ್ನಡತ್ತು ಪೈಂಗಿಳಿ’ ಅಂದರು. ಆದರೆ ಅದು ಅವರಿಗೆ ಸಂದ ಮಾತು. ತಾಯಿ ಪಾತ್ರದವಳ ಎಳೆಯನ್ನು ಯಾರೂ ಗಿಳಿ ಅನ್ನಲ್ಲ, ಬೇರೆಯವರ ಹತ್ತಿರ ಡಬ್ ಮಾಡಿಸುತ್ತಾರೆ.

ನನ್ನ ತೆಲುಗು ತಾಯಿಗೂ ಬೇರೊಬ್ಬರೇ ಧ್ವನಿ ಕೊಟ್ಟರು. ಒಳ್ಳೆಯ ಧ್ವನಿ, ನನಗಿಂತ ಗಟ್ಟಿ. ಪೋಸ್ಟರಿನಲ್ಲಿ ಅವರ ಹೆಸರಿಲ್ಲ.

ಕನ್ನಡಕ್ಕೆ ಡಬ್ ಮಾಡುವುದು ದಶಕಗಳ ಕಾಲ ನಿಂತೇ ಹೋಗಿತ್ತಲ್ಲ, 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ನಿಧಾನವಾಗಿ ಶುರುವಾಯಿತು. ಹಾಗೆ ಆ ತೆಲುಗು ಚಿತ್ರವೂ ಕನ್ನಡಕ್ಕೆ ಬಂತು. ನನ್ನ ಪಾತ್ರಕ್ಕೆ ನನ್ನನ್ನೇ ಕರೆದರು. ಹೆಡ್‌ಫೋನ್ ಹಾಕಿಕೊಂಡು ನಿಂತೆ, ಅದೇ ಸೀನ್, ಎದುರಿಗೆ ನಾನೇ. ಹಾಳೆಯಲ್ಲಿ ‘ನಿನ್ನ ದುಡ್ಡಿನ ಅಗತ್ಯ ನನಗಿಲ್ಲ’ ಅಂತಿತ್ತು. ಒಳ್ಳೆಯ ಕನ್ನಡವೇ, ಆದರೆ ಎಲ್ಲೂ ತುಟಿ ಮುಚ್ಚುವುದಿಲ್ಲ. ಪರದೆ ಮೇಲೆ ನನ್ನ ತುಟಿ ‘ಡಬ್ಬು’ ಅನ್ನುವಾಗ ಒಮ್ಮೆ, ‘ರಂ’ ಅನ್ನುವಾಗ ಇನ್ನೊಮ್ಮೆ ಮುಚ್ಚುತ್ತದೆ. ನಾಲ್ಕು ಟೇಕ್ ಹಾಳಾಯಿತು. ಕೊನೆಗೆ ನಾನೇ ಕೇಳಿದೆ, ‘ಸರ್, ಏ ಬಿಡೋ, ನಂಗೆ ದುಡ್ಡು ಬೇಕಿಲ್ಲ ಅನ್ನಲಾ?’ ಬಿಡೋ ಅನ್ನುವಾಗ ಒಂದು ಬ, ಬೇಕಿಲ್ಲ ಅನ್ನುವಾಗ ಇನ್ನೊಂದು. ಎರಡೂ ತುಟಿಗೆ ಕೂತವು. ಓಕೆ ಆಯಿತು.

‘ನಿನ್ನ’ ಅನ್ನುವುದೊಂದು ಬಿಟ್ಟುಹೋಯಿತು. ಆ ತಾಯಿಗೆ ದುಡ್ಡು ಬೇಡ ಅಂತಲ್ಲ, ಅವನ ದುಡ್ಡು ಬೇಡ. ಮನೆಗೆ ಬರುವಾಗ ಬಸ್ಸಿನಲ್ಲಿ ಕೂತು ಅದನ್ನೂ ಸೇರಿಸುವ ಹಾಗೆ ನಾಲ್ಕೈದು ಥರ ಹೇಳಿ ನೋಡಿದೆ. ಪಕ್ಕದ ಸೀಟಿನವರು ಎದ್ದು ಬೇರೆ ಕಡೆ ಹೋದರು.