ಹೆಸರು ಬಿಟ್ಟೆ, ಚಕ್ಕುಬಂದಿ ಹಿಡಿದೆ: ಕಾನ್ಸಾಸ್‌ನಿಂದ ಓಹಾಯೋವರೆಗೆ ಒಂದು ರೈತ ಮನೆತನ

ಮೊದಲೇ ಹೇಳಿಬಿಡುತ್ತೇನೆ. 1850ರ ಅಮೆರಿಕದ ಸೆನ್ಸಸ್ಸಿನಲ್ಲಿ ನನ್ನ ಅಮೆರಿಕನ್ ಅಳಿಯನ ಹಿರಿಯರ ಮನೆಯವರು ಇಲ್ಲವೇ ಇಲ್ಲ ಅಂತ ನನಗೆ ನಾಲ್ಕು ಜನ ಹೇಳಿದ್ದರು. ಅವರಲ್ಲೊಬ್ಬರು ಇಪ್ಪತ್ತು ವರ್ಷದಿಂದ ಹಳೇ ದಾಖಲೆಯಲ್ಲಿ ವಂಶ ಹುಡುಕೋ ಹವ್ಯಾಸ ಇಟ್ಟುಕೊಂಡವರು. ಇನ್ನೊಬ್ಬರು ಈ ಕೆಲಸಕ್ಕೇ ದುಡ್ಡು ತಗೊಳ್ಳುವವರು. ಆದರೆ ಇದ್ದರು. ಇಂಡಿಯಾನಾದ ಎಲ್ಕಾರ್ಟ್ ಕೌಂಟಿಯಲ್ಲಿ ಗಂಡ, ಹೆಂಡತಿ, ಏಳು ಮಕ್ಕಳು, ಒಂಬತ್ತು ಜನವೂ ಒಂದೇ ಪುಟದಲ್ಲಿ ಸಾಲಾಗಿ ಕೂತಿದ್ದರು. ಯಾರೂ ಪುಟ ತಿರುಗಿಸಿರಲಿಲ್ಲ ಅಷ್ಟೇ.

ನಾನು ತಿಪಟೂರಿನಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಮೂವತ್ತು ವರ್ಷ ಪತ್ರ ಬರೆದವನು. ಮಗಳು ಓಹಾಯೋದಲ್ಲಿದ್ದಾಳೆ, ಅಳಿಯ ಅಲ್ಲಿಯವನೇ. ಮೊಮ್ಮಗನ ನಾಮಕರಣಕ್ಕೆ ಹೋದಾಗ ಒಂದು ವಂಶವೃಕ್ಷ ಬರೆದು ಚೌಕಟ್ಟು ಹಾಕಿಸೋಣ ಅಂದುಕೊಂಡೆ. ನಮ್ಮ ಕಡೆ ಏಳು ತಲೆಮಾರು ತುಂಬಿತು. ಅಳಿಯನ ಕಡೆ ಮೂರನೇ ಮೆಟ್ಟಿಲಿಗೇ ಖಾಲಿ. ನೋಡೋಕೆ ಒಂದು ಕೊಂಬೆ ಕಡಿದ ಮರದ ಹಾಗಿತ್ತು. ನಮ್ಮೂರಿಗೆ ಹೆಳವರು ಎತ್ತಿನ ಮೇಲೆ ಬಂದು ನಮ್ಮ ಮೂಲದ ಊರು ಯಾವುದು, ಎಲ್ಲಿಂದ ಎಲ್ಲಿಗೆ ಬಂದೆವು ಅಂತ ಒಂದೇ ಉಸಿರಿಗೆ ಹೇಳಿ ಕಾಳು ಹಾಕಿಸಿಕೊಂಡು ಹೋಗುತ್ತಿದ್ದರು. ಇವರಿಗೆ ಅಂಥವರು ಯಾರೂ ಇಲ್ಲ, ಹತ್ತು ವರ್ಷಕ್ಕೊಮ್ಮೆ ಬಂದ ಗಣತಿದಾರ ಮಾತ್ರ. "ಅವರ ಮನೆ ಪಹಣಿ ನಿಮಗ್ಯಾಕ್ರೀ" ಅಂದಳು ನನ್ನ ಹೆಂಡತಿ. ಅಳಿಯನ ಸೋದರತ್ತೆಯಂತೂ ನಕ್ಕೇಬಿಟ್ಟರು. ಮುತ್ತಾತ ಜರ್ಮನಿಯಿಂದ ಹಡಗು ಹತ್ತಿ ನೇರ ಕಾನ್ಸಾಸಿಗೇ ಬಂದ, ಅದಕ್ಕಿಂತ ಹಿಂದಿನದು ಇಲ್ಲಿ ಏನೂ ಸಿಗಲ್ಲ ಅನ್ನೋದು ಅವರ ವಾದ.

ಮನೆಹೆಸರು ಇಲ್ಲಿ ಬರೆಯಲ್ಲ. ಜರ್ಮನ್ ಹೆಸರು, 'ಕೆ'ಯಿಂದ ಶುರು. ಷ್ನೈಡರ್ ಸ್ನೈಡರ್ ಆದ ಹಾಗೆ, ಯುಂಗ್ ಯಂಗ್ ಆದ ಹಾಗೆ ಇದೂ ನಾಲ್ಕೈದು ವೇಷ ಹಾಕಿದೆ.

1900ರಿಂದ ಹಿಂದಕ್ಕೆ ನಡೆಯೋದು ಸುಲಭ, ಅದನ್ನು ಉದ್ದ ಮಾಡಲ್ಲ. ಕಾನ್ಸಾಸಿನ ರಿಪಬ್ಲಿಕ್ ಕೌಂಟಿ. 1890ರ ಸೆನ್ಸಸ್ ನಮ್ಮ ಪಾಲಿಗೆ ಇಲ್ಲ, 1921ರ ಬೆಂಕಿಗೆ ಹೋಯಿತು, ಉಳಿದಿದ್ದನ್ನು ಆಮೇಲೆ ಸರ್ಕಾರವೇ ನಾಶ ಮಾಡಿತು. ಆದರೆ ಕಾನ್ಸಾಸ್ ರಾಜ್ಯದವರು ತಾವೇ 1875, 1885, 1895ರಲ್ಲಿ ಗಣತಿ ಮಾಡಿದ್ದಾರೆ, ಪುಣ್ಯಾತ್ಮರು. 1875ರಲ್ಲಿ 'ಕಾನ್ಸಾಸಿಗೆ ಎಲ್ಲಿಂದ ಬಂದಿರಿ' ಅಂತ ಒಂದು ಕಾಲಮ್ಮೇ ಇದೆ. ನಮ್ಮವನ, ಅಂದರೆ ಸೋದರತ್ತೆ ಹೇಳಿದ ಆ ಮುತ್ತಾತನ, ಮುಂದೆ ಅಯೋವಾ ಅಂತ ಬರೆದಿತ್ತು. 1880ರ ಸೆನ್ಸಸ್ಸಿನಲ್ಲಿ ಅವನಿಗೆ 48 ವರ್ಷ, ಹುಟ್ಟಿದ್ದು ಇಂಡಿಯಾನಾ, ತಂದೆ ತಾಯಿ ಇಬ್ಬರೂ ಪೆನ್ಸಿಲ್ವೇನಿಯಾದವರು. ಮಕ್ಕಳಲ್ಲಿ ಮೊದಲ ನಾಲ್ವರು ಅಯೋವಾದಲ್ಲಿ, ಕೊನೆಯ ಇಬ್ಬರು ಕಾನ್ಸಾಸಿನಲ್ಲಿ ಹುಟ್ಟಿದವರು. ಜರ್ಮನಿ ಎಲ್ಲೂ ಇಲ್ಲ! ಸೋದರತ್ತೆಗೆ ತೋರಿಸಿದೆ. ಗಣತಿಯವನು ತಪ್ಪು ಬರೆದಿದ್ದಾನೆ ಅಂದರು.

ಮಕ್ಕಳು ಹುಟ್ಟಿದ ರಾಜ್ಯಗಳನ್ನು ವಯಸ್ಸಿನ ಜೊತೆ ಜೋಡಿಸಿದರೆ ವಲಸೆಯ ದಾರಿ ತಾನೇ ಕಾಣುತ್ತೆ, ಅದು ನಿಮಗೂ ಗೊತ್ತು. ಅಯೋವಾದಲ್ಲಿ ಜೆಫರ್ಸನ್ ಕೌಂಟಿ, 1870, 1860 ಎರಡರಲ್ಲೂ ಸಿಕ್ಕರು. 1856ರ ಅಯೋವಾ ರಾಜ್ಯ ಗಣತಿಯಲ್ಲಿ ಈ ರಾಜ್ಯದಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಅನ್ನೋ ಕಾಲಮ್ ಇದೆ, ಅಲ್ಲಿ 2 ಅಂತ ಇತ್ತು. ಅಂದರೆ 1854ರ ಸುಮಾರಿಗೆ ಬಂದವರು. ಹಾಗಾದರೆ 1850ರಲ್ಲಿ ಇಂಡಿಯಾನಾದಲ್ಲಿ ಇರಲೇಬೇಕು.

ಇರಲಿಲ್ಲ. ಮೂರು ತಿಂಗಳು ಹುಡುಕಿದೆ.

'ಕೆ', 'ಸಿ', 'ಕ್ಯೂ' ಎಲ್ಲಾ ಹಾಕಿದೆ. ಉಚ್ಚಾರ ಹೋಲುವ ಹೆಸರುಗಳನ್ನು ಹುಡುಕೋ ಸೌಂಡೆಕ್ಸ್ ಅನ್ನೋ ವಿಧಾನ ಹಾಕಿದೆ, ಆದರೆ ಅದು ಮೊದಲಕ್ಷರ ಹಾಗೇ ಇಟ್ಟುಕೊಳ್ಳೋದ್ರಿಂದ ಮೊದಲಕ್ಷರವೇ ಕೆಟ್ಟಿದ್ದರೆ ಏನೂ ಪ್ರಯೋಜನ ಇಲ್ಲ. ತಿಂಗಳಿಗೆ 25 ಡಾಲರ್ ಆಸುಪಾಸು ಕಟ್ಟಿ ಒಂದು ವೆಬ್‌ಸೈಟಿಗೆ ಏಳು ತಿಂಗಳು ಚಂದಾದಾರನಾಗಿದ್ದೆ. ಆಮೇಲೆ ಗೊತ್ತಾಯಿತು, ಅಲ್ಲಿದ್ದ ಸೆನ್ಸಸ್ ಪುಟಗಳೆಲ್ಲ ಮಗಳ ಮನೆಯಿಂದ ಹತ್ತು ನಿಮಿಷದ ದಾರಿಯ ಲೈಬ್ರರಿಯಲ್ಲೇ ಪುಕ್ಕಟೆ ಸಿಗುತ್ತಿದ್ದವು, ಫ್ಯಾಮಿಲಿಸರ್ಚ್ ಅನ್ನೋ ಪುಕ್ಕಟೆ ವೆಬ್‌ಸೈಟಿನಲ್ಲಂತೂ ಮನೆಯಲ್ಲೇ ಕೂತು ನೋಡಬಹುದಿತ್ತು. ದುಡ್ಡು ತಗೊಳ್ಳುವವರು ಅಂದೆನಲ್ಲ, ಅವರಿಗೆ 300 ಡಾಲರ್ ಹೋಯಿತು. ಅವರು ಕಳಿಸಿದ ವಂಶವೃಕ್ಷದಲ್ಲಿ ವರ್ಜೀನಿಯಾದ ಬೇರೆ ಯಾವುದೋ ಮನೆತನವನ್ನು ತಂದು ನಮ್ಮವರ ಬುಡಕ್ಕೆ ಕಸಿ ಮಾಡಿದ್ದರು. ಅಲ್ಲಿ ತಾಯಿಗಿಂತ ಮಗ ನಾಲ್ಕೇ ವರ್ಷ ಚಿಕ್ಕವನು. ಕೇಳಿದರೆ ಉತ್ತರ ಇಲ್ಲ. ಡಿಎನ್‌ಎ ಕಿಟ್ಟಿಗೂ 100 ಡಾಲರ್ ಖರ್ಚಾಯಿತು, ಅದರಿಂದ ಸಿಕ್ಕಿದ್ದು ಅಂದರೆ ದೀಪಾವಳಿಗೆ ಶುಭಾಶಯ ಕಳಿಸುವ ಒಬ್ಬ ದೂರದ ನೆಂಟ.

ಮಗಳು ಒಂದು ರಾತ್ರಿ ಬಂದು, "ಅಪ್ಪ, ಮಲಗಿ ಇನ್ನು. ಸಿಗದಿದ್ರೆ ಬಿಟ್ಬಿಡಿ" ಅಂದಳು. ಮಲಗಿದೆ, ನಿದ್ದೆ ಬರಲಿಲ್ಲ. ಆಗ ಹೊಳೆಯಿತು. ನಾನು ಊರಿನಲ್ಲಿ ಮೂವತ್ತು ವರ್ಷ ಮಾಡಿದ್ದೇನು? ಹಳೇ ಕ್ರಯಪತ್ರದಲ್ಲಿ ಸರ್ವೆ ನಂಬರ್ ತಪ್ಪಿರುತ್ತೆ, ಹೆಸರು ತಪ್ಪಿರುತ್ತೆ, ಅಪ್ಪನ ಹೆಸರಿನ ಜಾಗದಲ್ಲಿ ಅಜ್ಜನದ್ದಿರುತ್ತೆ. ಆಗ ಜಮೀನು ಇದೇ ಅಂತ ಹೇಗೆ ಹೇಳ್ತೀವಿ? ಚಕ್ಕುಬಂದಿ ನೋಡಿ. ಪೂರ್ವಕ್ಕೆ ಯಾರ ತೋಟ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಗಾಡಿದಾರಿ, ದಕ್ಷಿಣಕ್ಕೆ ಯಾರ ಹೊಲ. ನಾಲ್ಕರಲ್ಲಿ ಎರಡು ಕೂಡಿ ಬಂದರೆ ಸಾಕು, ಜಮೀನು ಸಿಕ್ಕಿದ ಹಾಗೆ.

ಸೆನ್ಸಸ್ಸಿಗೂ ಚಕ್ಕುಬಂದಿ ಇದೆ. ಗಣತಿದಾರ ಮನೆ ಮನೆ ಹೋದ ಕ್ರಮದಲ್ಲೇ ನಂಬರ್ ಹಾಕುತ್ತಾ ಬರೆದಿದ್ದಾನಲ್ಲ, ಹಾಗಾಗಿ ಪುಟದ ಮೇಲಿನವರು, ಕೆಳಗಿನವರು ಬಹುಪಾಲು ಅಕ್ಕಪಕ್ಕದವರೇ. ರೈತರು ಒಂಟಿಯಾಗಿ ವಲಸೆ ಹೋಗುತ್ತಿದ್ದದ್ದು ಕಡಿಮೆ. ಸಾವಿರ ಮೈಲಿ ಗಾಡಿ ಹೊಡೆಯೋಕೆ ಜೊತೆ ಬೇಕು, ಹೋದ ಮೇಲೆ ಬಾವಿ ತೋಡೋಕೆ, ಹೆರಿಗೆಗೆ, ಹೆಣ ಎತ್ತೋಕೆ ಜನ ಬೇಕು.

ಬೆಳಿಗ್ಗೆ ಎದ್ದು 1875ರ ಕಾನ್ಸಾಸ್ ಪುಟ ತೆಗೆದೆ. ನಮ್ಮವನ ಮೇಲೆ ಹತ್ತು ಮನೆ, ಕೆಳಗೆ ಹತ್ತು ಮನೆ, ಇಪ್ಪತ್ತೂ ಹೆಸರು ಮೊಮ್ಮಗನ ಡಯಾಪರ್ ಡಬ್ಬದ ಮೇಲೆ ಬರೆದುಕೊಂಡೆ (ಕಾಗದ ಕೈಗೆ ಸಿಗಲಿಲ್ಲ). ಅಯೋವಾದ 1870, 1860, 1856ರಲ್ಲೂ ಹಾಗೇ ಮಾಡಿದೆ. ಎಲ್ಲಾ ಪಟ್ಟಿಯಲ್ಲೂ ಬಂದವು ಎರಡೇ ಮನೆತನ. ಒಂದರ ಹೆಸರು ಊರಿಗೆ ನೂರು ಇರುವಂಥದ್ದು, ಬಿಟ್ಟೆ. ಇನ್ನೊಂದು ಅಪರೂಪದ ಹೆಸರು. ಆ ಹೆಸರನ್ನು 1850ರ ಇಂಡಿಯಾನಾದಲ್ಲಿ ಹಾಕಿದೆ. ಮೊದಲ ಸಲಕ್ಕೇ ಬಂತು, ಎಲ್ಕಾರ್ಟ್ ಕೌಂಟಿ. ಪುಟ ತೆಗೆದು ಮೇಲಕ್ಕೆ ಹೋದೆ. ಮೂರನೇ ಮನೆ. ಯಜಮಾನನಿಗೆ 45, ಹೆಂಡತಿಗೆ 42, ಇಬ್ಬರೂ ಪೆನ್ಸಿಲ್ವೇನಿಯಾ. ಐದು ಗಂಡು, ಎರಡು ಹೆಣ್ಣು. ಎರಡನೇ ಮಗನಿಗೆ 18, ಹೆಸರು ನಮ್ಮವನದ್ದೇ. ಕೈ ನಡುಗಿತು ಅಂದರೆ ನಂಬಿ.

ಮನೆಹೆಸರು 'ಜಿ'ಯಿಂದ ಬರೆದಿತ್ತು. ಜರ್ಮನ್ ನಾಲಿಗೆಯ 'ಕೆ' ಗಣತಿದಾರನ ಕಿವಿಗೆ 'ಜಿ' ಆಗಿ ಬಿದ್ದಿದೆ. ಆಮೇಲೆ 1850ರಲ್ಲಿ ಒಂದು ಪ್ರತಿ ಕೌಂಟಿಗೆ, ಒಂದು ರಾಜ್ಯಕ್ಕೆ, ಒಂದು ವಾಷಿಂಗ್ಟನ್ನಿಗೆ ಅಂತ ಕೈಯಲ್ಲೇ ನಕಲು ಮಾಡುತ್ತಿದ್ದರಲ್ಲ, ಆ ನಕಲಿನಲ್ಲಿ ಇನ್ನಷ್ಟು ಕೆಟ್ಟಿದೆ. ನಮ್ಮ ಕಾಲದಲ್ಲಿ ಕಂಪ್ಯೂಟರಿನಲ್ಲಿ ಹುಡುಕೋಕೆ ಹೆಸರುಗಳ ಇಂಡೆಕ್ಸ್ ಮಾಡಿದವರು ಆ 'ಜಿ'ಯನ್ನು 'ವೈ' ಅಂತ ಓದಿದ್ದಾರೆ. ಇನ್ನು ಹೆಸರು ಹಾಕಿ ಹುಡುಕಿದರೆ ಎಲ್ಲಿ ಸಿಗಬೇಕು ಹೇಳಿ.

ಇಪ್ಪತ್ತು ಹೆಸರಲ್ಲಿ ಯಾರನ್ನು ಹಿಡಿಯಬೇಕು ಅನ್ನೋದಕ್ಕೆ ನನ್ನದೊಂದು ಲೆಕ್ಕ ಇದೆ. ಅದನ್ನು ಪೂರ್ತಿ ಬಿಚ್ಚಿಡಲ್ಲ. ನೆರೆಮನೆಯ ಹೆಂಗಸರ ಸಾಲು ನೋಡಿ, ಅಷ್ಟು ಸಾಕು.

ಇಲ್ಲೇ ಇನ್ನೊಂದು ಗುಂಡಿಗೆ ಬಿದ್ದೆ. ಮೊದಲ ಮಗ ಹುಟ್ಟಿದ್ದು ಓಹಾಯೋ ಅಂತಿತ್ತು. ಎರಡನೆಯವನಿಂದ ಕೆಳಗೆ ಎಲ್ಲರ ಮುಂದೂ ರಾಜ್ಯದ ಹೆಸರು 'ಐ', 'ಎ' ಅಂತ ಎರಡೇ ಅಕ್ಷರ. ಅದು ಅಯೋವಾ ಅಲ್ವಾ? ಹಾಗಾದರೆ ಇವರು ಅಯೋವಾಕ್ಕೆ ಹೋಗಿ, ಇಂಡಿಯಾನಾಕ್ಕೆ ವಾಪಸ್ ಬಂದು, ಮತ್ತೆ ಅಯೋವಾಕ್ಕೆ ಹೋದರಾ? ಒಂದು ದೊಡ್ಡ ಕಥೆಯನ್ನೇ ಕಟ್ಟಿದೆ, ಅಳಿಯನಿಗೆ ಊಟದ ಹೊತ್ತಿಗೆ ಹೇಳಿಯೂ ಬಿಟ್ಟೆ, ಅಯೋವಾದ ಒಂದು ಕೌಂಟಿ ಚರಿತ್ರೆಯ ಪ್ರತಿಗೆ 40 ಡಾಲರ್ ಕೊಟ್ಟೆ. ಮೂರು ವಾರ ಆದ ಮೇಲೆ ಲೆಕ್ಕ ಹಾಕಿದೆ. 1850ರಲ್ಲಿ 18 ಅಂದರೆ ಹುಟ್ಟಿದ್ದು 1832. ಅಯೋವಾದ ನೆಲವನ್ನು ಬಿಳಿಯರಿಗೆ ಬಿಟ್ಟಿದ್ದೇ 1833ರ ಜೂನ್‌ನಲ್ಲಿ! ಆ ಕಾಲದಲ್ಲಿ ಇಂಡಿಯಾನಾವನ್ನೇ ಹಾಗೆ ಚುಟುಕಾಗಿ ಬರೆಯುತ್ತಿದ್ದರು. ಅದೇ ಪುಟದಲ್ಲಿ ಅರ್ಧ ಊರಿನ ಮಕ್ಕಳ ಮುಂದೆ ಅದೇ ಎರಡಕ್ಷರ ಇತ್ತು, ನಾನು ನೋಡಿರಲಿಲ್ಲ. ಅಳಿಯನಿಗೆ ಸಮಜಾಯಿಷಿ ಕೊಡೋದರಲ್ಲಿ ಸಾಕಾಯಿತು.

ಮಧ್ಯೆ ಸುಮ್ನೆ ಕೃಷಿ ಶೆಡ್ಯೂಲ್‌ಗಳಿಗೂ, ಅಂದರೆ ಸೆನ್ಸಸ್ ಜೊತೆಗೇ ರೈತರ ಜಮೀನು, ದನ, ಬೆಳೆ ಬರೆದುಕೊಂಡ ಪಟ್ಟಿಗಳಿಗೂ, ಕೈ ಹಾಕಿದೆ. 1850ರಿಂದ 1880ರವರೆಗೆ ಇವೆ, ಒಬ್ಬ ರೈತನಿಗೆ ಒಂದು ಸಾಲು, 1850ರದ್ದರಲ್ಲೇ ನಲವತ್ತಕ್ಕೂ ಹೆಚ್ಚು ಕಾಲಮ್. ಅದನ್ನು ಓದೋದು ಅಂದರೆ ನನಗೆ ಹಬ್ಬ. ಎಲ್ಕಾರ್ಟಿನಲ್ಲಿ ಸುಮಾರು 80 ಎಕರೆ, ಅರ್ಧ ಸಾಗುವಳಿ, ಎರಡು ಕುದುರೆ, ಮೂರು ಹಾಲು ಕೊಡೋ ಹಸು, ಇನ್ನೂರು ಪೌಂಡಿನಷ್ಟು ಬೆಣ್ಣೆ, ನೂರು ಪೌಂಡ್ ಮೇಪಲ್ ಸಕ್ಕರೆ. ಅಯೋವಾಕ್ಕೆ ಹೋದ ಮೇಲೆ ಮೇಪಲ್ ಕಾಲಮ್ ಖಾಲಿ. ಅದರ ಬದಲು ಸೋರ್ಗಮ್ ಕಾಕಂಬಿ ಗ್ಯಾಲನ್‌ಗಟ್ಟಲೆ. ಸೋರ್ಗಮ್ ಅಂದರೆ ನಮ್ಮ ಜೋಳವೇ, ಸಿಹಿ ದಂಟಿನ ಜಾತಿ. ಕಬ್ಬಿನ ಹಾಗೆ ಅರೆದು ಕುದಿಸೋದು. ಮಗಳ ಮನೆ ಹತ್ತಿರದ ಅಂಗಡಿಯಲ್ಲಿ ಈಗಲೂ ಬಾಟಲಿಯಲ್ಲಿ ಸಿಗುತ್ತೆ, ದೋಸೆಗೆ ಹಾಕಿಕೊಂಡು ತಿಂದೆ, ಜೋನಿಬೆಲ್ಲದ ಹತ್ತಿರಕ್ಕೆ ಬರುತ್ತೆ. ಅಕ್ಕಪಕ್ಕದ ಮೂವತ್ತು ಮನೆಯ ಎತ್ತು, ಕುದುರೆ ಲೆಕ್ಕ ಹಾಕಿ, ಊರು ಬಿಡೋ ಮುಂಚೆ ಎತ್ತು ಜಾಸ್ತಿ ಮಾಡಿಕೊಳ್ತಾರಾ ಅಂತಲೂ ನೋಡಿದೆ. ಹತ್ತು ದಿನ ದಂಡ, ಏನೂ ಹೊರಡಲಿಲ್ಲ. ಆದರೆ ಹೊಟ್ಟೆ ಉರಿಸಿದ್ದು ಬೇರೆ ವಿಷಯ. 1850ರ ಎಲ್ಕಾರ್ಟ್ ಕೃಷಿ ಶೆಡ್ಯೂಲಿನಲ್ಲಿ ಅದೇ ಗಣತಿದಾರ, ಅದೇ ಕೈಬರಹದಲ್ಲಿ ನಮ್ಮವರ ಹೆಸರನ್ನು ಸರಿಯಾಗಿ 'ಕೆ' ಹಾಕಿಯೇ ಬರೆದಿದ್ದ!

ಯಾಕೆ ಊರು ಬಿಟ್ಟರು ಅನ್ನೋದಕ್ಕೂ ಉತ್ತರ ಆ ಸಾಲಿನಲ್ಲೇ ಇದೆ ಅಂತ ನನ್ನ ಅಭಿಪ್ರಾಯ. 80 ಎಕರೆ, ಐದು ಗಂಡುಮಕ್ಕಳು. ಹಿಸ್ಸೆ ಮಾಡಿದರೆ ತಲೆಗೆ 16 ಎಕರೆ. ನಮ್ಮಲ್ಲಾಗಿದ್ದರೆ ನನ್ನಂಥವನ ಹತ್ತಿರ ಬಂದು ವಿಭಾಗಪತ್ರ ಬರೆಸಿ, ಬದುವಿನ ಮೇಲೆ ಜಗಳ ಆಡಿಕೊಂಡು ಅಲ್ಲೇ ಇರುತ್ತಿದ್ದರು. ಇವರು ಮಾರಿ ಹೊರಟರು. ಸರ್ಕಾರಿ ಜಮೀನು ಎಕರೆಗೆ ಒಂದೂಕಾಲು ಡಾಲರ್ ಇದ್ದ ಕಾಲ. 1862ರ ಹೋಮ್‌ಸ್ಟೆಡ್ ಕಾಯಿದೆ ಬಂದ ಮೇಲಂತೂ ಐದು ವರ್ಷ ವಾಸ ಮಾಡಿ ಉತ್ತರೆ 160 ಎಕರೆ, ಬರೀ ಶುಲ್ಕದ ಖರ್ಚಿನಲ್ಲಿ.

ಆ ಹೋಮ್‌ಸ್ಟೆಡ್ ಫೈಲೇ ಸೋದರತ್ತೆಯ ಬಾಯಿ ಕಟ್ಟಿಸಿದ್ದು. ನ್ಯಾಷನಲ್ ಆರ್ಕೈವ್ಸ್‌ನಿಂದ ಪ್ರತಿ ತರಿಸೋಕೆ 50 ಡಾಲರ್ ಆಯಿತು. ಇಡೀ ಕೆಲಸಕ್ಕೆ ಕಳೆದ ಆರುನೂರೈವತ್ತು ಏಳುನೂರು ಡಾಲರಿನಲ್ಲಿ ಸಾರ್ಥಕವಾದದ್ದು ಇದೊಂದೇ. 1871ರಲ್ಲಿ ಅರ್ಜಿ, 1877ರಲ್ಲಿ ಕೊನೆಯ ಸಾಕ್ಷ್ಯ. 14ಕ್ಕೆ 18 ಅಡಿ ಮನೆ, ಒಂದು ಬಾವಿ, 45 ಎಕರೆ ಉತ್ತದ್ದು. ಮಧ್ಯೆ 1874ರ ಮಿಡತೆ ಹಾವಳಿ ಬಂದು ಹೋಗಿದೆ, ಆದರೂ ಇವನು ಜಾಗ ಬಿಟ್ಟಿಲ್ಲ. ಕೆಳಗೆ ಇಬ್ಬರು ಸಾಕ್ಷಿಗಳ ರುಜು. ಒಬ್ಬ ಆ ಅಪರೂಪದ ಹೆಸರಿನವನು. 1850ರಲ್ಲಿ ಮೂರು ಮನೆ ಕೆಳಗಿದ್ದ ಹುಡುಗ. ಅವನ ಹೆಂಡತಿ ಯಾರು ಅಂದುಕೊಂಡ್ರಿ? ಆವತ್ತು ಮೇಲಿನ ಮನೆಯಲ್ಲಿ 14 ವರ್ಷದವಳಾಗಿದ್ದ ನಮ್ಮವನ ತಂಗಿ. ಭಾವಮೈದ ಬಂದು ಸಾಕ್ಷಿ ಹಾಕಿದ್ದಾನೆ, ನಮ್ಮ ಆಫೀಸಿನ ಮುಂದೆ ನಡೆಯುತ್ತಿದ್ದ ಹಾಗೇ. ಸೋದರತ್ತೆ ಆ ಹಾಳೆಯನ್ನು ಎರಡು ಸಲ ಓದಿದರು. ಆಮೇಲೆ ಎದ್ದು ಹೋಗಿ ನನಗೆ ಕಾಫಿ ತಂದುಕೊಟ್ಟರು.

1850ಕ್ಕಿಂತ ಹಿಂದಿನ ಸೆನ್ಸಸ್ಸುಗಳಲ್ಲಿ ಯಜಮಾನನ ಹೆಸರು ಮಾತ್ರ, ಉಳಿದವರೆಲ್ಲ ವಯಸ್ಸಿನ ಕಾಲಮ್ಮಿನಲ್ಲಿ ಬರೀ ಲೆಕ್ಕ. ಅಲ್ಲೂ ಚಕ್ಕುಬಂದಿ ನಡೆಯುತ್ತೆ. 1840ರಲ್ಲಿ ಎಲ್ಕಾರ್ಟ್, ಅದೇ ನೆರೆಯವರು. 1830ರಲ್ಲಿ ಓಹಾಯೋದ ಸ್ಟಾರ್ಕ್ ಕೌಂಟಿ, ಗಂಡ ಹೆಂಡತಿ ಇಬ್ಬರೂ ಇಪ್ಪತ್ತರಿಂದ ಮೂವತ್ತರ ಒಳಗೆ, ಐದು ವರ್ಷದೊಳಗಿನ ಒಂದು ಗಂಡು ಕೂಸು. ಮೇಲಿನ ಸಾಲಿನಲ್ಲಿ ಅದೇ ಮನೆಹೆಸರಿನ, ಐವತ್ತು ದಾಟಿದ ಒಬ್ಬ ಮನುಷ್ಯ. ಅವನೇ ಅಪ್ಪ ಅಂತ ಸೆನ್ಸಸ್ ಹೇಳಲ್ಲ. ನಾನು ಬೇರೆ ದಾರಿಯಲ್ಲಿ ಖಚಿತ ಮಾಡಿಕೊಂಡೆ, ಪತ್ರ ಬರಹಗಾರರಿಗೆ ಅದು ಹೊಳೆಯುತ್ತೆ, ಉಳಿದವರು ಸ್ವಲ್ಪ ಒದ್ದಾಡಲಿ. ಒಂದು ಎಚ್ಚರಿಕೆ ಮಾತ್ರ. ಕೆಲವು ಗಣತಿದಾರರು ನೀಟಾಗಿ ಕಾಣಲಿ ಅಂತ ಹೆಸರುಗಳನ್ನೆಲ್ಲ ಅಕ್ಷರಮಾಲೆ ಪ್ರಕಾರ ಮತ್ತೆ ಬರೆದಿದ್ದಾರೆ. ಪಕ್ಕಪಕ್ಕ ಒಂದೇ ಅಕ್ಷರದ ಹೆಸರುಗಳು ಕಂಡರೆ ಚಕ್ಕುಬಂದಿ ಮರೆತುಬಿಡಿ, ಅಲ್ಲಿ ನೆರೆಮನೆ ಅನ್ನೋದೇ ಇಲ್ಲ.

ಈಗ ನಿಂತಿರೋದು 1820ರ ಪೆನ್ಸಿಲ್ವೇನಿಯಾದಲ್ಲಿ, ಸಾಮರ್‌ಸೆಟ್ ಕೌಂಟಿ. ಅದೇ ಹೆಸರಿನ ಇಬ್ಬರು ಯಜಮಾನರು, ಆರು ಪುಟದ ಅಂತರ. ಒಬ್ಬನ ಮನೆಯಲ್ಲಿ 45 ದಾಟಿದ ಹೆಂಗಸಿದ್ದಾಳೆ, ಇನ್ನೊಬ್ಬನ ಮನೆಯಲ್ಲಿ ಇಲ್ಲ. ಇಬ್ಬರ ಮೇಲೂ ಕೆಳಗೂ ಇರುವ ನಲವತ್ತು ಹೆಸರು ಬರೆದುಕೊಂಡು ತಿಪಟೂರಿಗೆ ತಂದಿದ್ದೇನೆ. ಸೋದರತ್ತೆ ಮೊನ್ನೆ ಫೋನ್ ಮಾಡಿ, ಅವರ ತಾಯಿಯ ಕಡೆಯದ್ದೂ ನೋಡಿಕೊಡ್ತೀರಾ ಅಂತ ಕೇಳಿದರು. ಅದು ಐರಿಶ್ ಕಡೆಯಂತೆ.