ಹದಿನಾಲ್ಕನೇ ದಿನ ನನಗೆ ಬರಲೇ ಇಲ್ಲ

ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ 14 ಅಂತ ಬರೆದು, ಸುತ್ತ ಕೆಂಪು ಇಂಕಿನಲ್ಲಿ ಎರಡೆರಡು ಸಲ ಗೆರೆ ಎಳೆದಿದ್ದೇನೆ. ಮಗು ಬೇಕು ಅಂತ ಇಬ್ಬರೂ ಕೂತು ಮಾತಾಡಿಕೊಂಡ ತಿಂಗಳು ಅದು. "ಮುಟ್ಟಾದ ಹದಿನಾಲ್ಕನೇ ದಿನದ ಆಸುಪಾಸು ನೋಡ್ಕೋ, ಆಗುತ್ತೆ" ಅಂತ ಅಕ್ಕ ಹೇಳಿದ್ದಳು. ಮೊಬೈಲಿನ ಆ್ಯಪ್ ಹೇಳಿದ್ದೂ ಅದನ್ನೇ. ಲೆಕ್ಕಪತ್ರ ನೋಡುವ ಕೆಲಸದವಳು ನಾನು, ತಾರೀಖು ಬರೆದಿಡುವುದು ಅಭ್ಯಾಸವಾಗಿಬಿಟ್ಟಿದೆ. ಅದೇ ಪುಟದ ಕೆಳಗೆ ಒಂದು ಮುಟ್ಟಿನಿಂದ ಇನ್ನೊಂದಕ್ಕೆ ಎಷ್ಟು ದಿನ ಅನ್ನೋದು ಸಾಲಾಗಿದೆ: 38, 52, 45, 71.

ಆ 71 ದಿನಗಳಲ್ಲಿ ನಾಲ್ಕು ಸಲ ಮನೆಯಲ್ಲೇ ಪ್ರೆಗ್ನೆನ್ಸಿ ಟೆಸ್ಟ್ ಮಾಡಿಕೊಂಡೆ. ನಾಲ್ಕೂ ಸಲ ಒಂದೇ ಗೆರೆ. ಬೇರೆಯವರ ಮನೆಯಲ್ಲಿ ಮುಟ್ಟು ನಿಂತಿತು ಅಂದರೆ ಅದೊಂದು ಸುದ್ದಿ. ನನಗೆ ಅದು ವರ್ಷಕ್ಕೆ ಐದಾರು ಸಲ ನಡೆಯುವ ಸಂಗತಿ. ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಅನ್ನುವ ಹಾರ್ಮೋನು ಏರುಪೇರಿನ ತೊಂದರೆ ಅದು, ನನಗೆ ಗೊತ್ತಾಗಿದ್ದು ಸ್ಕ್ಯಾನ್ ಮಾಡಿಸಿದಾಗ.

ಸ್ಕ್ಯಾನ್ ಮಾಡಿದವರು ಪರದೆ ನನ್ನ ಕಡೆ ತಿರುಗಿಸಿ ತೋರಿಸಿದರು. ಅಂಡಾಶಯದ ಅಂಚಿನುದ್ದಕ್ಕೂ ಕಪ್ಪು ಮಣಿಗಳನ್ನು ಪೋಣಿಸಿಟ್ಟ ಹಾಗೆ ಚಿಕ್ಕಚಿಕ್ಕ ಗುಂಡು. ಜನ ಇದಕ್ಕೆ ನೀರುಗುಳ್ಳೆ ಅಂತಾರೆ. ನಾನೂ ಹಾಗೇ ಅಂದುಕೊಂಡು "ಆಪರೇಷನ್ ಮಾಡಿ ತೆಗೆಯೋಕಾಗಲ್ವಾ ಮೇಡಂ?" ಅಂತ ಕೇಳಿದೆ. ಡಾಕ್ಟರ್ ನಕ್ಕರು. ಅವು ಗುಳ್ಳೆಗಳೇ ಅಲ್ಲವಂತೆ, ಒಳಗೆ ಒಂದೊಂದು ಅಂಡ ಇಟ್ಟುಕೊಂಡು ಅರ್ಧಕ್ಕೇ ಬೆಳೆಯುವುದನ್ನು ನಿಲ್ಲಿಸಿದ ಫಾಲಿಕಲ್‌ಗಳು. ಸಾಮಾನ್ಯವಾಗಿ ಹತ್ತಾರು ಫಾಲಿಕಲ್ ಒಟ್ಟಿಗೆ ಹೊರಟರೂ ಒಂದು ಮುಂದೆ ಓಡುತ್ತದೆ, ಉಳಿದವು ಹಿಂದೆ ಬೀಳುತ್ತವೆ. ಪಿಸಿಒಎಸ್ ಇದ್ದರೆ ಎಲ್ಲವೂ ಹೊರಡುತ್ತವೆ, ಎಷ್ಟೋ ಸಲ ಯಾವುದೂ ಗುರಿ ಮುಟ್ಟುವುದಿಲ್ಲ.

ಸ್ಕ್ಯಾನ್ ಒಂದನ್ನೇ ನೋಡಿ ಪಿಸಿಒಎಸ್ ಅನ್ನುವ ಹಾಗಿಲ್ಲ ಅಂತಲೂ ಆಗಲೇ ಗೊತ್ತಾಗಿದ್ದು. 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ತಜ್ಞರು ಸೇರಿ ಮಾಡಿದ ನಿಯಮವೊಂದಿದೆ. ಅಂಡೋತ್ಪತ್ತಿ (ಅಂದರೆ ಅಂಡಾಶಯದಿಂದ ಅಂಡದ ಬಿಡುಗಡೆ) ಸರಿಯಾಗಿ ಆಗದಿರುವುದು, ಗಂಡು ಹಾರ್ಮೋನು ಜಾಸ್ತಿ ಇರುವುದು ಅಥವಾ ಅದರ ಲಕ್ಷಣ, ಸ್ಕ್ಯಾನ್‌ನಲ್ಲಿ ಕಾಣುವ ಅಂಡಾಶಯದ ಈ ರೂಪ, ಈ ಮೂರರಲ್ಲಿ ಎರಡಾದರೂ ಇರಬೇಕು. ಜೊತೆಗೆ ಥೈರಾಯ್ಡ್, ಎದೆಹಾಲು ತರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಎರಡನ್ನೂ ನೋಡಿ ಅದರಿಂದ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ನನಗೆ ಮೂರೂ ಇದ್ದವು. ಗಲ್ಲದ ಮೇಲಿನ ಬಿರುಸು ಕೂದಲನ್ನು ಹತ್ತೊಂಬತ್ತನೇ ವಯಸ್ಸಿನಿಂದ ಕಿತ್ತುಕೊಳ್ಳುತ್ತಿದ್ದೆ. ಅದಕ್ಕೂ ಮುಟ್ಟಿಗೂ ನಂಟಿದೆ ಅಂತ ಯಾರೂ ಹೇಳಿರಲಿಲ್ಲ.

ಹದಿನಾಲ್ಕರ ಗುಟ್ಟೂ ಅವತ್ತೇ ಬಿಚ್ಚಿಕೊಂಡಿತು. ಅಂಡ ಬಿಡುಗಡೆಯಾದ ಮೇಲೆ ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ. ಹೆಚ್ಚುಕಡಿಮೆ ಸ್ಥಿರವಾಗಿರುವುದು ಚಕ್ರದ ಈ ಕೊನೆಯ ಭಾಗ. ಎಳೆದು ಎಳೆದು ಉದ್ದವಾಗುವುದು ಅಂಡ ಬಿಡುವ ಮುಂಚಿನ ಭಾಗ. ಅಂದರೆ ನನ್ನ 52 ದಿನದ ಚಕ್ರದಲ್ಲಿ ಅಂಡ ಬಂದಿದ್ದರೆ 38ನೇ ದಿನದ ಹತ್ತಿರ ಬಂದಿರಬೇಕು. ಆ ಹೊತ್ತಿಗೆ ನಾವು ಆ ತಿಂಗಳ ಆಸೆ ಬಿಟ್ಟು ಮೂರು ವಾರವಾಗಿರುತ್ತಿತ್ತು.

ಈ ಒಂದು ಸಂಗತಿ ತಿಳಿಯದೆ ಏನೇನು ದಂಡ ಮಾಡಿಕೊಂಡೆ ಅಂತ ಹೇಳುತ್ತೇನೆ. ಮೊದಲನೆಯದು ಅಂಡೋತ್ಪತ್ತಿ ಕಿಟ್. ಅಂಡ ಬಿಡುವ ಸ್ವಲ್ಪ ಮುಂಚೆ ಎಲ್‌ಎಚ್ ಅನ್ನುವ ಹಾರ್ಮೋನು ಏರುತ್ತದೆ, ಮೂತ್ರದಲ್ಲಿ ಅದು ಏರಿದ್ದನ್ನು ಕಿಟ್ ತೋರಿಸುತ್ತದೆ. ನನಗೆ ಸತತ ಆರು ದಿನ ಎರಡು ಗೆರೆ ಬಂತು. ಖುಷಿಯೋ ಖುಷಿ. ಆದರೆ ಪಿಸಿಒಎಸ್ ಇರುವ ಎಷ್ಟೋ ಜನರಿಗೆ ಎಲ್‌ಎಚ್ ಯಾವಾಗಲೂ ಮೇಲೇ ಇರುತ್ತದೆ, ಕಿಟ್‌ಗೆ ಅದು ಗೊತ್ತಾಗುವುದಿಲ್ಲ. ಎರಡನೆಯದು 21ನೇ ದಿನದ ಪ್ರೊಜೆಸ್ಟೆರಾನ್ ಪರೀಕ್ಷೆ. ಅಂಡ ಬಿಟ್ಟ ಮೇಲೆ ಏರುವ ಹಾರ್ಮೋನು ಅದು. 21 ಅನ್ನೋದು 28 ದಿನದ ಚಕ್ರದವರಿಗೆ ಮಾಡಿದ ಲೆಕ್ಕ, ಮುಂದಿನ ಮುಟ್ಟಿಗೆ ಏಳು ದಿನ ಮುಂಚೆ ನೋಡಬೇಕು ಅನ್ನೋದೇ ಅದರ ಅರ್ಥ. ನನಗೂ ಕಣ್ಣುಮುಚ್ಚಿ 21ಕ್ಕೇ ಬರೆದುಕೊಟ್ಟರು. 0.6 ಬಂತು. "ಅಂಡೋತ್ಪತ್ತಿ ಆಗ್ತಾನೇ ಇಲ್ಲ" ಅಂದುಬಿಟ್ಟರು. ಆ ದಿನಕ್ಕೆ ಅದು ಆಗಿರುವ ಹೊತ್ತೇ ಅಲ್ಲವಲ್ಲ!

ಕೆಲಸಕ್ಕೆ ಬಂದಿದ್ದು ಥರ್ಮಾಮೀಟರು. ಬೆಳಿಗ್ಗೆ ಎದ್ದ ಕೂಡಲೇ, ಕಾಲು ನೆಲಕ್ಕಿಡುವ ಮುಂಚೆ, ಬಾಯಲ್ಲಿ. ಅಂಡ ಬಿಟ್ಟ ಮೇಲೆ ಮೈಬಿಸಿ ಸುಮಾರು 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರಿ ಮುಟ್ಟಾಗುವವರೆಗೂ ಅಲ್ಲೇ ನಿಲ್ಲುತ್ತದೆ. ಇದು ಆದ ಮೇಲೆ ಹೇಳುವ ಸುದ್ದಿ, ಮುಂಚೆ ಏನೂ ಹೇಳುವುದಿಲ್ಲ. ಆದರೂ ನಾಲ್ಕು ತಿಂಗಳ ಅಂಕಿಗಳನ್ನು ಡಾಕ್ಟರ ಮುಂದೆ ಇಟ್ಟಾಗ ಒಂದೇ ಒಂದು ಸಲ ಏರಿರುವುದು ಕಣ್ಣಿಗೆ ಹೊಡೆಯುವ ಹಾಗಿತ್ತು. ಅಂಡ ಬಿಡುವ ಹೊತ್ತು ಹತ್ತಿರವಾದಾಗ ಬರುವ, ಮೊಟ್ಟೆಯ ಬಿಳಿಯಂಥ ಸ್ರಾವ ಮಾತ್ರ ಒಂದೇ ಚಕ್ರದಲ್ಲಿ ಮೂರು ಸಲ ಬಂದುಹೋಗಿತ್ತು, ದೇಹ ಪ್ರಯತ್ನಪಟ್ಟು ಕೈಬಿಡುತ್ತಿತ್ತು ಅಂತ ಕಾಣುತ್ತೆ. ದಿನ ಗೊತ್ತುಮಾಡುವ ಗೋಜೇ ಬೇಡ, ಎರಡು ಮೂರು ದಿನಕ್ಕೊಮ್ಮೆ ಒಟ್ಟಿಗಿರಿ ಅಂದರು. ಹೇಳುವುದು ಸುಲಭ. ಕ್ಯಾಲೆಂಡರ್ ನೋಡಿ ಸಂಸಾರ ಮಾಡಿ ಇಬ್ಬರಿಗೂ ರೋಸಿಹೋಗಿತ್ತು.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ನನಗೇ ಪಿಸಿಒಎಸ್ ಇದೆಯಲ್ಲ, ಅವರನ್ನು ಯಾಕೆ ಎಳೆಯುವುದು ಅಂತ ಗಂಡನ ವೀರ್ಯ ಪರೀಕ್ಷೆಯ ಮಾತನ್ನೇ ಎಂಟು ತಿಂಗಳು ಎತ್ತಲಿಲ್ಲ. ಕೊನೆಗೆ ಎತ್ತಿದಾಗ ಅವರು "ಅಷ್ಟೇ ತಾನೇ, ನಾಳೆ ಹೋಗೋಣ" ಅಂದರು. ರಿಪೋರ್ಟ್ ಚೆನ್ನಾಗಿಯೇ ಇತ್ತು. ಇಲ್ಲದಿದ್ದಿದ್ದರೆ ನನ್ನ ಎಂಟು ತಿಂಗಳ ಮಾತ್ರೆ ನೀರಿನಲ್ಲಿ ಹೋಮವಾಗುತ್ತಿತ್ತು.

ತೂಕದ ವಿಷಯಕ್ಕೆ ಎಲ್ಲರೂ ಬೇಕಾದಷ್ಟು ಉಪದೇಶ ಮಾಡುತ್ತಾರೆ, ನಾನು ಮಾಡಲ್ಲ. ತೆಳ್ಳಗಿರುವವರಿಗೂ ಪಿಸಿಒಎಸ್ ಬರುತ್ತದೆ. ನನ್ನದು 74 ಕಿಲೊ ಇತ್ತು, ನಾಲ್ಕು ತಿಂಗಳಲ್ಲಿ ಐದು ಕಿಲೊ ಇಳಿಯಿತು, ಮುಟ್ಟು 41, 39 ದಿನಕ್ಕೆ ಬಂತು. ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಲಿ ಅಂತ ಕೊಡುವ ಮೆಟ್‌ಫಾರ್ಮಿನ್ 500 ಮಾತ್ರೆ ರಾತ್ರಿ ಊಟದ ಜೊತೆ ಶುರುವಾಯಿತು, ಎರಡು ವಾರ ಹೊಟ್ಟೆ ಕೆಟ್ಟು ಆಮೇಲೆ ಹೊಂದಿಕೊಂಡಿತು. ಫೋಲಿಕ್ ಆ್ಯಸಿಡ್ ಬಸಿರಾಗುವ ಮುಂಚಿನಿಂದಲೇ.

ಆಮೇಲೆ ಅಂಡ ಬೆಳೆಸಲು ಲೆಟ್ರೋಜೋಲ್ ಮಾತ್ರೆ. ಪೊಟ್ಟಣದೊಳಗಿನ ಚೀಟಿಯಲ್ಲಿ ಸ್ತನ ಕ್ಯಾನ್ಸರ್ ಅಂತ ಓದಿ ಎದೆ ಧಸಕ್ಕೆಂದಿತು. ಮಾತ್ರೆ ಮೂಲದಲ್ಲಿ ಅದಕ್ಕೇ ಬಂದದ್ದು. ಇದು ಈಸ್ಟ್ರೋಜೆನ್ ತಯಾರಿಯನ್ನು ಕೆಲದಿನ ತಗ್ಗಿಸುತ್ತದೆ, ಮೆದುಳು ಗಾಬರಿಬಿದ್ದು ಫಾಲಿಕಲ್ ಬೆಳೆಸುವ ಎಫ್‌ಎಸ್‌ಎಚ್ ಹಾರ್ಮೋನನ್ನು ಹೆಚ್ಚು ಕಳಿಸುತ್ತದೆ, ನಿಂತಿದ್ದ ಫಾಲಿಕಲ್‌ಗಳಲ್ಲಿ ಒಂದಕ್ಕೆ ಜೀವ ಬರುತ್ತದೆ. ಐದು ದಿನ ಅಷ್ಟೇ. ಭ್ರೂಣ ಗರ್ಭಕೋಶಕ್ಕೆ ಅಂಟುವ ಹೊತ್ತಿಗೆ ಮಾತ್ರೆ ಬಹುಮಟ್ಟಿಗೆ ದೇಹದಿಂದ ಹೊರಗೆ ಹೋಗಿರುತ್ತದೆ. ಮೊದಲೆಲ್ಲ ಇದೇ ಕೆಲಸಕ್ಕೆ ಕ್ಲೋಮಿಫೀನ್ ಅನ್ನುವ ಮಾತ್ರೆ ಕೊಡುತ್ತಿದ್ದರು. 2014ರಲ್ಲಿ ಪಿಸಿಒಎಸ್ ಇರುವ 750 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಐದು ಚಕ್ರದವರೆಗಿನ ಚಿಕಿತ್ಸೆಯಲ್ಲಿ ಲೆಟ್ರೋಜೋಲ್ ತೆಗೆದುಕೊಂಡವರಲ್ಲಿ ಶೇ. 27.5 ಜನರಿಗೆ ಮಗುವಾಯಿತು, ಕ್ಲೋಮಿಫೀನ್‌ನಲ್ಲಿ ಶೇ. 19.1. ಈಗ ಪಿಸಿಒಎಸ್‌ಗೆ ಮೊದಲ ಆಯ್ಕೆ ಲೆಟ್ರೋಜೋಲೇ. ನೂರಕ್ಕೆ ಇಪ್ಪತ್ತೇಳು ಅಂದರೆ ಎಪ್ಪತ್ಮೂರು ಜನರಿಗೆ ಆಗಲಿಲ್ಲ ಅಂತಲೂ ನನ್ನ ಲೆಕ್ಕದ ತಲೆ ಹೇಳುತ್ತಿತ್ತು.

ಮೊದಲ ಚಕ್ರ 2.5 ಮಿಲಿಗ್ರಾಂ. 12ನೇ ದಿನ ಸ್ಕ್ಯಾನ್‌ನಲ್ಲಿ ಫಾಲಿಕಲ್ 8 ಮಿಲಿಮೀಟರು, 16ನೇ ದಿನ 9. ಅಲ್ಲಿಗೆ ಮುಗಿಯಿತು. ಎರಡನೇ ಚಕ್ರ 5 ಮಿಲಿಗ್ರಾಂ. 13ಕ್ಕೆ 12, 16ಕ್ಕೆ 17, 18ಕ್ಕೆ ಬಲಗಡೆ 20 ಮಿಲಿಮೀಟರು. ಜೀವಮಾನದಲ್ಲಿ ಯಾವ ಪರೀಕ್ಷೆಯಲ್ಲೂ ಅಂಕ ಕೇಳಿ ಅಷ್ಟು ಹಿಗ್ಗಿರಲಿಲ್ಲ. ಅಂಡ ಬಿಡಲು ಎಚ್‌ಸಿಜಿ ಇಂಜೆಕ್ಷನ್ ಕೊಟ್ಟರು, ಸುಮಾರು 36 ಗಂಟೆಗೆ ಬಿಡುತ್ತದೆ ಅಂದರು.

ಇಂಜೆಕ್ಷನ್ ಆದ ಏಳನೇ ದಿನ ತಡೆಯಲಾರದೆ ಮನೆಯಲ್ಲಿ ಟೆಸ್ಟ್ ಮಾಡಿದೆ. ಎರಡು ಗೆರೆ! ಬಚ್ಚಲಮನೆಯ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಎರಡೇ. ಅವರನ್ನು ಎಬ್ಬಿಸಿದೆ, ಇಬ್ಬರೂ ಅತ್ತೆವು. ಒಂಬತ್ತನೇ ದಿನ ಗೆರೆ ಮಸುಕಾಯಿತು, ಹನ್ನೆರಡಕ್ಕೆ ಮಾಯ. ಬಸಿರಿನ ಟೆಸ್ಟ್ ಹುಡುಕುವ ಹಾರ್ಮೋನೂ ಎಚ್‌ಸಿಜಿಯೇ, ಅದು ಕಂಡಿದ್ದು ಇಂಜೆಕ್ಷನ್‌ನದನ್ನು. ಎರಡು ವಾರ ಟೆಸ್ಟ್ ಮಾಡಬೇಡಿ ಅಂತ ಒಂದು ಮಾತು ಮೊದಲೇ ಹೇಳಿದ್ದರೆ ಸಾಕಿತ್ತು.

ಮೂರನೇ ಚಕ್ರದಲ್ಲಿ ಫಾಲಿಕಲ್ ನಿಧಾನ ಮಾಡಿತು, 20ನೇ ದಿನ ಇಂಜೆಕ್ಷನ್. ಅಂಡ ಬಿಟ್ಟ ದಿನ 22 ಅಂತ ನೋಟ್‌ಬುಕ್ಕಿನಲ್ಲಿ ಬರೆದೆ. ಏಳು ದಿನಕ್ಕೆ ಪ್ರೊಜೆಸ್ಟೆರಾನ್ 11, ಅಂಡ ಬಿಟ್ಟಿರುವುದು ಖಾತ್ರಿ. ಈ ಸಲ ಹದಿನಾರು ದಿನ ಕೈ ಕಟ್ಟಿಕೊಂಡು ಕೂತೆ. ಎರಡು ಗೆರೆ, ಎರಡು ದಿನ ಬಿಟ್ಟು ಇನ್ನೂ ಗಾಢ.

ಮೊದಲ ಸ್ಕ್ಯಾನ್‌ಗೆ ಬೇರೆ ಕಡೆ ಹೋಗಬೇಕಾಯಿತು. ಕೊನೆಯ ಮುಟ್ಟಿನ ತಾರೀಖು ಕೇಳಿ "ಆರು ವಾರ ಒಂದು ದಿನ" ಅಂದರು. ಆಮೇಲೆ ತುಂಬಾ ಹೊತ್ತು ಮಾತಿಲ್ಲ. "ಚೀಲ ಇದೆ, ಹಾರ್ಟ್‌ಬೀಟ್ ಕಾಣ್ತಿಲ್ಲ, ಬೆಳವಣಿಗೆ ಹಿಂದಿದೆ." ಮಂಚದ ಮೇಲೆ ಮಲಗಿದ್ದ ಹಾಗೇ ಬೆರಳು ಮಡಚಿದೆ. ಅವರ ಲೆಕ್ಕ ಅಂಡ ಹದಿನಾಲ್ಕನೇ ದಿನ ಬಂತು ಅನ್ನುವುದರ ಮೇಲೆ ನಿಂತಿದೆ, ನನ್ನದು ಬಂದಿದ್ದು ಇಪ್ಪತ್ತೆರಡಕ್ಕೆ. ಎಂಟು ದಿನ ಕಳೆದರೆ ಸರಿಯಾಗಿ ಐದು ವಾರ. ಐದು ವಾರಕ್ಕೆ ಎದೆಬಡಿತ ಕಾಣುವುದೇ ಇಲ್ಲ. ಹೇಳಿದೆ. "ನೋಡೋಣ" ಅಂದರು. ಹೆಂಗಸರು ಹೀಗೆ ಹೇಳಿಯೇ ಹೇಳುತ್ತಾರೆ ಅನ್ನುವ ದನಿ ಅದು. ಹನ್ನೆರಡು ದಿನ ಬಿಟ್ಟು ನಮ್ಮ ಡಾಕ್ಟರ್ ಹತ್ತಿರ ನೋಡಿದಾಗ ಬೂದು ಚುಕ್ಕೆಯ ನಡುವೆ ಪಟಪಟ ಮಿನುಗು. ಅವರು ಭ್ರೂಣದ ಉದ್ದ ಅಳೆದು ಹೆರಿಗೆ ತಾರೀಖನ್ನು ಎಂಟು ದಿನ ಮುಂದೆ ಹಾಕಿದರು. ಮುಟ್ಟು ಏರುಪೇರಿರುವವರು ಮೊದಲ ಮೂರು ತಿಂಗಳ ಈ ಅಳತೆಯನ್ನೇ ಹಿಡಿದುಕೊಳ್ಳಬೇಕು.

ಪಿಸಿಒಎಸ್ ಇದ್ದವರಿಗೆ ಬಸಿರಿನಲ್ಲಿ ಸಕ್ಕರೆ, ಬಿಪಿ ಎರಡರ ಅಪಾಯವೂ ಹೆಚ್ಚು. ಶುರುವಿನಲ್ಲಿ ಸಕ್ಕರೆ ಸರಿಯಿತ್ತು. 26ನೇ ವಾರದಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ನೋಡಿದಾಗ ಖಾಲಿಹೊಟ್ಟೆಯದು 96, ಒಂದು ಗಂಟೆಗೆ 174, ಎರಡು ಗಂಟೆಗೆ 149. ಮಿತಿ 92, 180, 153. ಮೂರರಲ್ಲಿ ಒಂದು ಮಿತಿ ಮುಟ್ಟಿದರೂ ಸಾಕು, ಬಸಿರಿನ ಸಕ್ಕರೆ ಕಾಯಿಲೆ ಅಂತಲೇ ಲೆಕ್ಕ. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ, ಊಟವಾದ ಮೇಲೆ ಕಾಲು ಗಂಟೆ ನಡೆದು, ಊಟದ ನಂತರದ್ದನ್ನು 140ರೊಳಗೆ ತಂದೆ. ಬೆಳಗಿನ ಖಾಲಿಹೊಟ್ಟೆಯದು ಮಾತ್ರ ಹಟಮಾರಿ, ಏನು ಮಾಡಿದರೂ 95ರ ಕೆಳಗೆ ಇಳಿಯಲೊಲ್ಲದು. ರಾತ್ರಿಯಿಡೀ ಏನೂ ತಿನ್ನದೆ ಮಲಗಿದವಳ ಸಕ್ಕರೆ ಬೆಳಿಗ್ಗೆ ಹೇಗೆ ಏರುತ್ತದೆ ಅಂತ ಅತ್ತಿದ್ದೇನೆ. ಯಕೃತ್ತು ತಾನೇ ಬಿಡುತ್ತದಂತೆ, ಇನ್ಸುಲಿನ್ ಮಾತು ಕೇಳದಿದ್ದಾಗ. 30ನೇ ವಾರದಿಂದ ಮಲಗುವ ಮುಂಚೆ ಆರು ಯೂನಿಟ್ ಇನ್ಸುಲಿನ್. ಸೋತೆ ಅನ್ನಿಸಿದ್ದು ಎರಡೇ ದಿನ, ಮೂರನೇ ಬೆಳಿಗ್ಗೆ 88 ನೋಡಿ ಸಮಾಧಾನವಾಯಿತು.

39 ವಾರಕ್ಕೆ ನೋವು ಬರಿಸೋಣ ಅಂತ ನಿರ್ಧಾರವಾಯಿತು. ದಾಖಲಾದ ದಿನ ನರ್ಸಮ್ಮ ಹಳೇ ಕಾರ್ಡ್ ನೋಡಿ "ಏನಮ್ಮಾ, ಡೇಟ್ ದಾಟಿ ಒಂದು ದಿನ ಆಗಿದೆ, ಈಗ ಬರ್ತಿದ್ದೀಯ?" ಅಂತ ಗದರಿದರು. ಅದರಲ್ಲಿ ಹದಿನಾಲ್ಕರ ಲೆಕ್ಕದ ತಾರೀಖೇ ಉಳಿದುಕೊಂಡಿತ್ತು. ಚೀಲದಿಂದ ನೋಟ್‌ಬುಕ್ ತೆಗೆದೆ. ಅವರು ಕನ್ನಡಕ ಏರಿಸಿಕೊಂಡು ಆ ಪುಟ ಓದಿ, ಪೆನ್ನು ಈಸಿಕೊಂಡು ಕಾರ್ಡಿನಲ್ಲಿ ತಿದ್ದಿದರು. ಮಗಳು ಮಾರನೇ ದಿನ ಹುಟ್ಟಿದಳು, 3.1 ಕಿಲೊ.

ಎಂಟು ವಾರಕ್ಕೆ ಮತ್ತೆ ಗ್ಲೂಕೋಸ್ ಕುಡಿದೆ, ಸಕ್ಕರೆ ಮಾಮೂಲಿಗೆ ಬಂದಿತ್ತು. ಮುಂದೆಯೂ ಆಗಾಗ ನೋಡಿಸುತ್ತಿರಬೇಕಂತೆ. ಹೊರಡುವಾಗ ಡಾಕ್ಟರ್ ಸದ್ಯಕ್ಕೆ ಮಗು ಬೇಡ ಅಂದರೆ ಏನು ಬಳಸುತ್ತೀರಿ ಅಂತ ಕೇಳಿದರು. "ನನಗೆ ಹಾಗೆಲ್ಲ ಆಗಲ್ಲ ಮೇಡಂ" ಅಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಯಾವ ದಿನ ಅಂತ ಗೊತ್ತಾಗಲ್ಲ ಅಷ್ಟೇ ಕಣಮ್ಮ. ಬರಲ್ಲ ಅಂತ ಯಾರು ಹೇಳಿದ್ದು?"