ಊಟದ ಬೆಲ್ ಹೊಡೆಯುವವರೆಗೂ ಆನೆ ಆನೆಯಾಗೇ ಇರಬೇಕು

ಮಗಳು ಎಲ್‌ಕೆಜಿಗೆ ಸೇರಿದ ವರ್ಷ ಅವಳ ಊಟದ ಡಬ್ಬಿಯಲ್ಲಿ ಆನೆ, ಗೂಬೆ, ಸಿಂಹ ಮಾಡಿ ಕಳಿಸಲು ಶುರು ಮಾಡಿದೆ. ಈಗ ಅವಳು ಎರಡನೇ ಕ್ಲಾಸು. ಫೋಟೋ ನೋಡಿದವರೆಲ್ಲ ಮೊದಲು ಕೇಳುವುದು ‘ಇಷ್ಟು ಸಣ್ಣಗೆ ಹೇಗೆ ಕತ್ತರಿಸ್ತೀರಿ, ಅಚ್ಚು ಎಲ್ಲಿ ಸಿಗುತ್ತೆ’ ಅಂತ. ಕತ್ತರಿಸುವುದು ಕೈಗೆ ಬೇಗ ಬಂದುಬಿಡುತ್ತದೆ. ಬೆಳಗ್ಗೆ ಏಳೂವರೆಗೆ ಡಬ್ಬಿಗೆ ಹಾಕಿದ ಆನೆ ವ್ಯಾನಿನಲ್ಲಿ ಕುಲುಕಿ, ಬ್ಯಾಗಿನೊಳಗೆ ಅಡ್ಡ ಬಿದ್ದು, ಮಧ್ಯಾಹ್ನ ಮುಚ್ಚಳ ತೆಗೆದಾಗಲೂ ಆನೆಯ ಹಾಗೇ ಕಾಣಬೇಕಲ್ಲ, ಕೆಲಸ ಇರುವುದು ಅಲ್ಲಿ. ಏನು ಬೇಯಿಸಬೇಕು, ಯಾವ ಬಣ್ಣ ಕೊಡಬೇಕು, ಎಷ್ಟು ಒತ್ತಿ ತುಂಬಬೇಕು ಅನ್ನುವುದನ್ನೆಲ್ಲ ನಾನು ಆ ಊಟದ ಬೆಲ್ಲಿನಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬರುತ್ತೇನೆ.

ಜಪಾನಿನಲ್ಲಿ ಇಂಥ ಡಬ್ಬಿಗೆ ಕ್ಯಾರಾಬೆನ್ ಅನ್ನುತ್ತಾರೆ. ನಾನು ಮೊದಲು ನೋಡಿದ್ದೂ ಅಲ್ಲಿನ ಅಮ್ಮಂದಿರ ವಿಡಿಯೊಗಳನ್ನೇ. ಅವರ ಅಕ್ಕಿ ಗುಂಡಗೆ, ಬೆಂದರೆ ಅಂಟು. ಹಾಗಾಗಿ ಹೇಗೆ ಒತ್ತಿದರೂ ನಿಲ್ಲುತ್ತದೆ. ಕಣ್ಣು, ಹುಬ್ಬು, ಮೀಸೆಗೆ ನೋರಿ ಅನ್ನುವ ಸಮುದ್ರಪಾಚಿಯ ಕಪ್ಪು ಹಾಳೆ ಕತ್ತರಿಸುತ್ತಾರೆ. ನಮ್ಮ ಮನೆಯ ಹಳೇ ಸೋನಾ ಮಸೂರಿ ಉದುರುದುರು. ನೋರಿ ತರಿಸಿದರೆ ದುಬಾರಿ, ತರಿಸಿದರೂ ಮಕ್ಕಳಿಗೆ ಅದರ ವಾಸನೆ ಹಿಡಿಸುವುದಿಲ್ಲ. ಮನೆಯಲ್ಲಿ ದಿನಾ ತಿನ್ನುವ ಪದಾರ್ಥದಲ್ಲೇ ಚಿತ್ರ ಆಗಬೇಕು ಅನ್ನುವುದು ನನ್ನ ಹಟ. ಮಗು ತಿನ್ನದ ಪದಾರ್ಥದಲ್ಲಿ ಎಷ್ಟು ಚೆಂದದ ಗೊಂಬೆ ಮಾಡಿದರೂ ಅದು ಸಂಜೆ ಡಬ್ಬಿಯಲ್ಲೇ ವಾಪಸ್ ಬರುತ್ತದೆ.

ನಾವಿರುವುದು ಮೈಸೂರಿನಲ್ಲಿ. ಇಲ್ಲಿನ ಮಕ್ಕಳಿಗೆ ಕಾರ್ಟೂನಿಗಿಂತ ದೊಡ್ಡ ಹೀರೊ ದಸರಾ ಆನೆ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ಆನೆಗಳು ಅರಮನೆಗೆ ಬಂದವು ಅಂದರೆ, ಅಲ್ಲಿಂದ ಬನ್ನಿಮಂಟಪದವರೆಗೆ ತಾಲೀಮು ಶುರು. ಮೊದಲು ಮರಳು ಮೂಟೆ, ಆಮೇಲೆ ಮರದ ಅಂಬಾರಿ, ವಿಜಯದಶಮಿಯ ದಿನ ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿ. 2012ರಿಂದ 2019ರವರೆಗೆ ಅದನ್ನು ಹೊತ್ತವನು ಅರ್ಜುನ, 2020ರಿಂದ ಅಭಿಮನ್ಯು. ದಸರಾ ರಜೆ ಸಿಗುವ ಮುಂಚಿನ ಆ ವಾರಗಳಲ್ಲಿ ಮಗಳ ಬಾಯಲ್ಲಿ ಒಂದೇ ಮಾತು: “ಅಮ್ಮ, ನಾಳೆ ಅಭಿಮನ್ಯು ಮಾಡ್ಕೊಡು. ಅಂಬಾರಿ ಇರ್ಬೇಕು.”

ಆನೆಗೆ ಮೊದಲ ತೊಡಕು ಬೂದು ಬಣ್ಣ. ತರಕಾರಿಯಲ್ಲಿ ಬೂದು ಎಲ್ಲಿದೆ? ನನಗೆ ಅದು ಸಿಕ್ಕಿದ್ದು ಎಳ್ಳೊಗರೆಯಲ್ಲಿ. ಕರಿ ಎಳ್ಳನ್ನು ಬಾಣಲೆಗೆ ಹಾಕಿ, ಚಟಪಟ ಅಂದ ತಕ್ಷಣ ಇಳಿಸಿಬಿಡಬೇಕು. ಅರ್ಧ ನಿಮಿಷ ಹೆಚ್ಚಾದರೂ ಕಹಿ. ಸ್ವಲ್ಪ ಉದ್ದಿನಬೇಳೆ, ಒಂದು ಒಣಮೆಣಸಿನಕಾಯಿ, ಕೊಬ್ಬರಿ ಹುರಿದು ಸೇರಿಸಿ ಪುಡಿ ಮಾಡಿಟ್ಟರೆ ವಾರ ಬರುತ್ತದೆ. ಒಂದು ಬಟ್ಟಲು ಅನ್ನಕ್ಕೆ ಒಂದೂವರೆ ಚಮಚ ಪುಡಿ ಕಲಸಿದರೆ ಸರಿಯಾಗಿ ಆನೆಯ ಮೈಬಣ್ಣ. ಎರಡು ಚಮಚ ದಾಟಿತೋ, ಅದು ಎಮ್ಮೆ.

ಇನ್ನು ಉದುರುವ ಅನ್ನ. ಡಬ್ಬಿಯ ಅನ್ನಕ್ಕೆ ದಿನದ ಅಳತೆಗಿಂತ ಅರ್ಧ ಲೋಟ ನೀರು ಜಾಸ್ತಿ ಇಡುತ್ತೇನೆ. ಹೊಸ ಅಕ್ಕಿಯಾದರೆ ಅದೂ ಬೇಡ. ಬಿಸಿ ಇರುವಾಗಲೇ ಪುಡಿ, ಉಪ್ಪು, ತುಪ್ಪ ಕಲಸಿ ಒತ್ತಬೇಕು, ಆರಿದ ಮೇಲೆ ಒತ್ತಿದರೆ ಬಿರುಕು ಬಿಡುತ್ತದೆ. ಒತ್ತಲು ಜಪಾನಿನವರು ಪ್ಲಾಸ್ಟಿಕ್ ಹಾಳೆ ಬಳಸುತ್ತಾರೆ. ನಮ್ಮ ಅತ್ತೆ ಅದನ್ನು ನೋಡಿ, “ಬಿಸಿ ಅನ್ನಕ್ಕೆ ಪ್ಲಾಸ್ಟಿಕ್ ಯಾಕಮ್ಮ, ಬಾಳೆಎಲೆ ಇಲ್ವಾ?” ಅಂದರು. ಎಲೆಯನ್ನು ಒಲೆಯ ಉರಿಗೆ ಹಿಡಿದು ಬಾಡಿಸಿದರೆ ಹರಿಯದೆ ಬಟ್ಟೆಯಷ್ಟೇ ಸಲೀಸಾಗಿ ಮಡಚುತ್ತದೆ. ಅದರೊಳಗೆ ಅನ್ನ ಇಟ್ಟು ಹೊರಗಿನಿಂದ ತಿದ್ದುತ್ತೇನೆ. ಅನ್ನ ಅಂಟುವುದಿಲ್ಲ, ಕೈಯೂ ತಾಗುವುದಿಲ್ಲ, ಜೊತೆಗೆ ಒಂದು ಪರಿಮಳ ಬೇರೆ.

ಮೈ ಅನ್ನದ್ದು ಸರಿ, ಸೊಂಡಿಲನ್ನು ಅನ್ನದಲ್ಲಿ ಮಾಡಿದರೆ ವ್ಯಾನು ಮೊದಲನೇ ಹಂಪ್ ಹತ್ತುವಾಗಲೇ ಮುರಿಯುತ್ತದೆ. ಅದಕ್ಕೆ ರಾಗಿ ದೋಸೆ. ಸ್ವಲ್ಪ ದಪ್ಪಗೆ ಹುಯ್ದ ದೋಸೆಯಿಂದ ಒಂದೂವರೆ ಬೆರಳಗಲದ ಪಟ್ಟಿ ಕತ್ತರಿಸಿ, ಉದ್ದಕ್ಕೆ ಮಡಚಿ, ತುದಿ ಒಳಕ್ಕೆ ಬಾಗಿಸಿ ಡಬ್ಬಿಯ ಅಂಚಿಗೆ ಒರಗಿಸಿದರೆ ಸೊಂಡಿಲು. ಅದೇ ದೋಸೆಯ ಮೇಲೆ ಲೋಟದ ಬಾಯಿ ಒತ್ತಿದರೆ ಕಿವಿ. ಹಸಿ ತೆಂಗಿನಕಾಯಿಯ ತೆಳು ಚೂರು ದಂತ. ಮಧ್ಯಾಹ್ನದವರೆಗೂ ಬಿಳುಪು ಹೋಗುವುದಿಲ್ಲ.

ಕಣ್ಣಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಆನೆಯ ಕಣ್ಣು ಮೈಗೆ ಹೋಲಿಸಿದರೆ ತೀರ ಸಣ್ಣದು. ದೊಡ್ಡದಾಗಿಟ್ಟರೆ ಮುಖ ಹಂದಿಮರಿಯದಾಗುತ್ತದೆ. ತೆಂಗಿನಕಾಯಿಯ ಮೇಲೆ ಜ್ಯೂಸ್ ಸ್ಟ್ರಾ ಒತ್ತಿ ತಿರುಗಿಸಿದರೆ ಅಕ್ಕಿಕಾಳಿನಗಲದ ಬಿಲ್ಲೆ ಬರುತ್ತದೆ. ಒಂದು ಶಾವಿಗೆ ಎಳೆಯ ತುದಿಯನ್ನು ಜೇನಿಗೆ ಮುಟ್ಟಿಸಿ, ಅದರಿಂದ ಒಂದೇ ಒಂದು ಕರಿ ಎಳ್ಳನ್ನು ಎತ್ತಿ, ಬಿಲ್ಲೆಯ ನಡುವೆ ಸ್ವಲ್ಪ ಕೆಳಕ್ಕೆ ಕೂರಿಸುತ್ತೇನೆ. ಎಳ್ಳಿನ ಚೂಪು ತುದಿ ಸೊಂಡಿಲಿನ ಕಡೆಗಿದ್ದರೆ ಆನೆ ಮುಂದಕ್ಕೆ ನೋಡುತ್ತದೆ, ಮೇಲಕ್ಕಿದ್ದರೆ ಬೆಚ್ಚಿಬಿದ್ದ ಹಾಗೆ ಕಾಣುತ್ತದೆ. ಕಣ್ಣನ್ನು ಮುಖದ ಅರ್ಧಕ್ಕಿಂತ ಕೆಳಗಿಟ್ಟರೆ ಯಾವ ಪ್ರಾಣಿಯಾದರೂ ಮರಿಯಂತೆ ಕಾಣುತ್ತದೆ. ಆದರೆ ಅಭಿಮನ್ಯು ಮರಿಯಲ್ಲವಲ್ಲ, ಅವನಿಗೆ ನಡು ಮುಖಕ್ಕೇ ಇಡುತ್ತೇನೆ. ಹುಬ್ಬಿಗೆ ಎಣ್ಣೆಯಲ್ಲಿ ಗರಿಗರಿಯಾದ ಕರಿಬೇವಿನೆಲೆ, ಕತ್ತರಿಯಿಂದ ಸೀಳಿದ್ದು. ಹಣೆಯ ಬಣ್ಣದ ಚಿತ್ತಾರಕ್ಕೆ ಕ್ಯಾರೆಟ್ ಚೂರು, ದಾಳಿಂಬೆ ಕಾಳು.

ಅಂಬಾರಿ ಏನು ಅಂತ ಮೈಸೂರಿನವರಿಗೆ ಹೇಳಬೇಕಿಲ್ಲ. ಮೈಸೂರು ಪಾಕ್! ಅರಮನೆಯ ಅಡುಗೆಮನೆಯಲ್ಲಿ ಕಾಕಾಸುರ ಮಾದಪ್ಪನವರ ಕೈಯಲ್ಲಿ ಹುಟ್ಟಿದ ಸಿಹಿ ಅರಮನೆಯ ಆನೆಯ ಬೆನ್ನೇರುವುದು ನ್ಯಾಯವೇ. ಗಟ್ಟಿ, ಗೂಡುಗೂಡಾದ ಮೈಸೂರು ಪಾಕೇ ಬೇಕು. ತುಪ್ಪ ಸುರಿಯುವ ಮೆತ್ತನೆಯದು ಕತ್ತರಿಸಲು ಬರುವುದಿಲ್ಲ. ಆದರೆ ಆ ಗೂಡುಗಳೇ ಅನ್ನದ ತೇವ ಹೀರಿಕೊಂಡು ಮಧ್ಯಾಹ್ನಕ್ಕೆ ಕುಸಿಯುತ್ತವೆ, ಅದಕ್ಕೆ ಅಡಿಗೊಂದು ಚೂರು ಬಾಳೆಎಲೆ. ಅದೇ ಆನೆಯ ಗಾದಿಯೂ ಆಗುತ್ತದೆ.

ಬಿಡಿಭಾಗಗಳು ಜಾರದಂತೆ ನಿಲ್ಲಿಸಲು ತುಂಬಾ ಜನ ಟೂತ್‌ಪಿಕ್ ಚುಚ್ಚುತ್ತಾರೆ. ದಯವಿಟ್ಟು ಬೇಡ. ಮಕ್ಕಳು ನೋಡದೆ ಬಾಯಿಗೆ ಹಾಕಿಕೊಳ್ಳುತ್ತಾರೆ. ತುಪ್ಪದಲ್ಲಿ ಹುರಿದ ಸಣ್ಣ ಶಾವಿಗೆಯ ಎಳೆ ಚುಚ್ಚಿದರೆ ಬೆಳಗ್ಗೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಪಕ್ಕದ ತೇವದಲ್ಲೇ ಮೆತ್ತಗಾಗಿ ಊಟದ ಜೊತೆ ಹೋಗುತ್ತದೆ. ಕಣ್ಣಿಗೆ ಲವಂಗ, ಮೆಣಸಿನಕಾಳು ಇಡುವುದನ್ನೂ ಎಷ್ಟೋ ಕಡೆ ನೋಡಿದ್ದೇನೆ. ಕಚ್ಚಿದ ಮಗು ಮತ್ತೆ ಆ ಡಬ್ಬಿ ಮುಟ್ಟುವುದಿಲ್ಲ. ಎಳ್ಳು, ಹುಚ್ಚೆಳ್ಳು, ಕಪ್ಪು ಒಣದ್ರಾಕ್ಷಿಯ ಚೂರು ಸಾಕು. ದ್ರಾಕ್ಷಿಯನ್ನು ಇಡಿಯಾಗಿ ಇಡಬೇಡಿ, ಉದ್ದಕ್ಕೆ ನಾಲ್ಕು ಸೀಳಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ದ್ರಾಕ್ಷಿಯೂ ಇಡೀ ಕಡಲೆಕಾಯಿ ಬೀಜವೂ ಗಂಟಲಲ್ಲಿ ಸಿಕ್ಕಿಕೊಳ್ಳುವ ಪದಾರ್ಥಗಳು.

ಬಣ್ಣದಲ್ಲಿ ನನಗೆ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಹುಳಿ ಮತ್ತು ಸೋಡಾದ ಲೆಕ್ಕ. ಅಂಗಡಿಯ ಬಣ್ಣ ನಾನು ಮುಟ್ಟುವುದಿಲ್ಲ, ಹಾಗಾಗಿ ಈ ಲೆಕ್ಕ ಗೊತ್ತಿರಲೇಬೇಕು. ಪಾಲಕ್ ರಸವನ್ನು ಹುಳಿ ಬಂದ ಇಡ್ಲಿ ಹಿಟ್ಟಿಗೆ ಹಾಕಿ ಬೇಯಿಸಿದರೆ ಹಸಿರು ಹೋಗಿ ಒಣಗಿದ ಎಲೆಯ ಬಣ್ಣ ಬರುತ್ತದೆ. ಹುಳಿಯಿಲ್ಲದ ಚಪಾತಿ, ಅಕ್ಕಿ ರೊಟ್ಟಿಯಲ್ಲಿ ಗಿಳಿ ಹಸಿರು ಚೆನ್ನಾಗಿ ಉಳಿಯುತ್ತದೆ. ಬೀಟ್ರೂಟ್ ಇದಕ್ಕೆ ತದ್ವಿರುದ್ಧ. ನಾಲ್ಕು ಹನಿ ನಿಂಬೆರಸ ಬಿದ್ದರೆ ಬಣ್ಣ ಗಟ್ಟಿ, ಒಲೆಯ ಮೇಲೆ ಹೆಚ್ಚು ಹೊತ್ತು ಕುದಿಸಿದರೆ ಕಂದು. ಅರಿಶಿನಕ್ಕೆ ಅಡುಗೆ ಸೋಡಾ ತಾಗಿದರೆ ಕೆಂಪು ಚುಕ್ಕೆ ಏಳುತ್ತದೆ, ಹಾಗಾಗಿ ಸೋಡಾ ಹಾಕಿದ ಹಿಟ್ಟಿನಲ್ಲಿ ಹಳದಿ ಬೇಕೆಂದರೆ ಸಿಹಿಗುಂಬಳ ಬೇಯಿಸಿ ರುಬ್ಬಿ ಹಾಕುತ್ತೇನೆ. ಎಲ್ಲಕ್ಕಿಂತ ಮೋಜಿನದು ಶಂಖಪುಷ್ಪ. ಹತ್ತಿಪ್ಪತ್ತು ಹೂವನ್ನು ಬಿಸಿನೀರಿಗೆ ಹಾಕಿದರೆ ಶಾಯಿಯಂಥ ನೀಲಿ. ಅದಕ್ಕೆ ನಿಂಬೆಹಣ್ಣು ಹಿಂಡಿದರೆ ಕಣ್ಣೆದುರೇ ನೇರಳೆ. ಮಗಳು ಈ ಹಿಂಡುವ ಕೆಲಸ ಯಾರಿಗೂ ಬಿಟ್ಟುಕೊಡುವುದಿಲ್ಲ.

ಆ ನೀಲಿ ನೀರಲ್ಲಿ ಅಕ್ಕಿಹಿಟ್ಟು ಬೇಯಿಸಿ, ಅತ್ತೆಯ ಶಾವಿಗೆ ಒರಳಿನಲ್ಲಿ ಒತ್ತಿದರೆ ನವಿಲಿನ ಗರಿ. ಸಿಹಿಗುಂಬಳದ ಹಳದಿಯಲ್ಲಿ ಒತ್ತಿದರೆ ಸಿಂಹದ ಕೇಸರ. ಒತ್ತು ಶಾವಿಗೆಯಷ್ಟು ಚೆಂದದ ಕೂದಲು ಬೇರೆ ಯಾವ ಪದಾರ್ಥದಲ್ಲೂ ಬರುವುದಿಲ್ಲ. ಎಳೆ ಎಳೆಯಾಗಿರುತ್ತದೆ, ಒಂದಕ್ಕೊಂದು ಹಿಡಿದುಕೊಂಡೂ ಇರುತ್ತದೆ. ಸಿಂಹದ ಮುಖ ಒಂದು ತಟ್ಟೆ ಇಡ್ಲಿ, ಸುತ್ತ ಕೇಸರ, ಮೂಗಿಗೆ ಒಣದ್ರಾಕ್ಷಿಯ ಚೂರು. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಈ ಸಿಂಹವನ್ನೇ, ಕಾಲು ಗಂಟೆಯ ಕೆಲಸ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹುಯ್ದು ಬೆಳೆದ ಅತ್ತೆಯಂಥವರು ಮನೆಯಲ್ಲಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಪಾಕದಲ್ಲಿ ಗಿಳಿ, ಆನೆ, ತುಳಸಿಕಟ್ಟೆ ಎಬ್ಬಿಸಿದ ಕೈಗಳಿಗೆ ನಮಗಿಂತ ಚೆನ್ನಾಗಿ ಆಕಾರ ಗೊತ್ತಿರುತ್ತದೆ.

ಡಬ್ಬಿ ತುಂಬುವಾಗ ನೋಡಬೇಕಾದ್ದು ಎರಡು. ಒಂದು, ಆಳ. ಎತ್ತರದ ದುಂಡು ಸ್ಟೀಲ್ ಡಬ್ಬಿಯಲ್ಲಿ ಯಾವ ಚಿತ್ರವೂ ನಿಲ್ಲುವುದಿಲ್ಲ. ಮೂರು ಬೆರಳಿನಷ್ಟು ಆಳದ, ಕ್ಲಿಪ್ ಹಾಕುವ ಚಪ್ಪಟೆ ಡಬ್ಬಿ ಬೇಕು, ಆನೆಯ ಬೆನ್ನು ಮುಚ್ಚಳಕ್ಕೆ ಕೂದಲೆಳೆಯಷ್ಟು ದೂರದಲ್ಲಿರಬೇಕು. ಇನ್ನೊಂದು, ಸಂದು. ಬೆರಳು ತೂರುವಷ್ಟು ಜಾಗ ಎಲ್ಲೇ ಉಳಿದರೂ ಇಡೀ ಚಿತ್ರ ಅತ್ತ ಸರಿಯುತ್ತದೆ. ಸಂದಿಗೆಲ್ಲ ಒಣಗಿದ ಹಾಗಿರುವ ಹುರುಳಿಕಾಯಿ ಪಲ್ಯ, ಬೇಯಿಸಿದ ಜೋಳದ ಕಾಳು. ಅದೇ ಆನೆಯ ಕಾಡು. ಸೌತೆಕಾಯಿ, ಕೋಸಂಬರಿ ನೀರು ಬಿಡುತ್ತವೆ, ಅವಕ್ಕೆ ಬೇರೆ ಡಬ್ಬಿ. ತುಂಬಿಯಾದ ಮೇಲೆ ಮುಚ್ಚಳ ಹಾಕಿ ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿ ಎರಡು ಸಲ ಕುಲುಕಿ ನೋಡುತ್ತೇನೆ. ಅಲ್ಲಾಡಿದರೆ ಇನ್ನೊಂದು ಚಮಚ ಪಲ್ಯ.

ಬಿಸಿಯಲ್ಲೇ ಮುಚ್ಚಿದರೆ ಹಬೆ ಮುಚ್ಚಳಕ್ಕೆ ಹತ್ತಿ ಹನಿಯಾಗಿ ಬಿದ್ದು ಬಣ್ಣವೆಲ್ಲ ಒಂದಕ್ಕೊಂದು ಹರಿಯುತ್ತದೆ. ಆರೋಗ್ಯದ ಮಾತೂ ಇದೆ: ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೆಂದರೂ ಸಾಯುವುದಿಲ್ಲ, ಉಗುರುಬೆಚ್ಚಗೆ ಮುಚ್ಚಿಟ್ಟ ಅನ್ನದಲ್ಲಿ ಬೇಗ ಹೆಚ್ಚಿಕೊಳ್ಳುತ್ತವೆ. ಆದ್ದರಿಂದ ರಾತ್ರಿ ಅನ್ನ ಮಾಡಿಟ್ಟು ಬೆಳಗ್ಗೆ ಒತ್ತುವ ಪದ್ಧತಿ ನಮ್ಮಲ್ಲಿಲ್ಲ. ಬೆಳಗಿನ ಅನ್ನ, ಒತ್ತಿ ಆಕಾರ ಬಂದ ಮೇಲೆ ಫ್ಯಾನಿನ ಕೆಳಗೆ ತಟ್ಟೆಯಲ್ಲಿ ಆರಬೇಕು, ಆಮೇಲೆ ಡಬ್ಬಿ. ರಾತ್ರಿ ಮಾಡಿಡುವುದು ಕ್ಯಾರೆಟ್, ತೆಂಗಿನ ಬಿಲ್ಲೆಗಳನ್ನಷ್ಟೇ, ಅವು ಫ್ರಿಜ್ಜಿನಲ್ಲಿ. ಏಪ್ರಿಲ್ ಸೆಕೆಯಲ್ಲಿ ಅನ್ನದ ಗೊಂಬೆಯೇ ಬೇಡ, ಚಪಾತಿಯ ಗೂಬೆ ಸಾಕು.

ಒಂದು ತೊಂದರೆಗೆ ಮಾತ್ರ ಅಡುಗೆಮನೆಯಲ್ಲಿ ಉತ್ತರ ಇರಲಿಲ್ಲ. ಮಗಳು ಆನೆಯನ್ನು ತಿನ್ನದೆ ವಾಪಸ್ ತಂದಳು. “ಅಭಿಮನ್ಯು ಅಮ್ಮ ಅದು, ಹೇಗೆ ತಿನ್ಲಿ?” ಅಂದಳು. ಅವಳ ಮಾತು ನನಗೆ ಸರಿಯೆನ್ನಿಸಿತು. ಅಲ್ಲಿಂದ ಮುಂದೆ ಒಂದು ಕಥೆ ಕಟ್ಟಿ ಕಳಿಸುತ್ತೇನೆ: ಮೊದಲು ಅಂಬಾರಿ ಇಳಿಸಬೇಕು, ಆಮೇಲೆ ಕಾಡು ಖಾಲಿ ಮಾಡಬೇಕು, ಆಮೇಲೆ ಕಿವಿ, ಸೊಂಡಿಲು. ಅಷ್ಟರಲ್ಲಿ ಉಳಿಯುವುದು ಬರೀ ಎಳ್ಳೊಗರೆ, ಅದನ್ನು ತಿನ್ನಲು ಯಾರಿಗೂ ಸಂಕಟವಿಲ್ಲ. ಪಕ್ಕದವಳಿಗೆ ಒಂದು ಕಿವಿ ಕೊಡುವುದೂ ಕಥೆಯಲ್ಲಿದೆ, ಹಾಗಾಗಿ ಕಿವಿ ಯಾವಾಗಲೂ ಮೂರು ಇಡುತ್ತೇನೆ. ತಿನ್ನಲೊಲ್ಲದ ಹಾಗಲಕಾಯಿಯನ್ನು ಆನೆಯ ಹೊಟ್ಟೆಯಲ್ಲಿ ಬಚ್ಚಿಟ್ಟು ತಿನ್ನಿಸುವ ಉಪಾಯವನ್ನು ಮಾತ್ರ ನಾನು ಮಾಡಲಾರೆ. ಡಬ್ಬಿ ತೆಗೆಯುವಾಗ ಅವಳಿಗೆ ಅದರ ಮೇಲೆ ಪೂರ್ತಿ ನಂಬಿಕೆ ಇರಬೇಕು.

ಈಗ ಕೈಗೆತ್ತಿಕೊಂಡಿರುವುದು ಯಕ್ಷಗಾನದ ವೇಷ. ಬೇಸಿಗೆ ರಜೆಗೆ ಉಡುಪಿಗೆ ಹೋದಾಗ ಬಡಗುತಿಟ್ಟಿನ ಆಟ ನೋಡಿ ಬಂದವಳಿಗೆ ಕೇದಗೆ ಮುಂದಲೆ ಅನ್ನುವ ತಲೆಯ ವೇಷ ಬೇಕಂತೆ. ಅದರ ಕಪ್ಪಿಗೆ ಎಳ್ಳಿದೆ, ಜರಿಗೆ ಸಿಹಿಗುಂಬಳವಿದೆ, ತಲೆಗೆ ಕಟ್ಟುವ ಅಟ್ಟೆಗೆ ಅಕ್ಕಿ ರೊಟ್ಟಿಯಿದೆ. ಕೆಂಪಿಗೇ ಕಷ್ಟ, ಬೀಟ್ರೂಟ್ ಎಷ್ಟು ಹಾಕಿದರೂ ರಾಣಿ ಬಣ್ಣದಾಚೆ ಹೋಗುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ, ಆ ಬಣ್ಣ ಬಿಡುವುದೂ ಎಣ್ಣೆಯಲ್ಲಿ. ಬೀಜ ತೆಗೆದು, ನೆನೆಸಿ, ರುಬ್ಬಿ, ಸಣ್ಣ ಉರಿಯಲ್ಲಿ ಎಣ್ಣೆಗೆ ಹಾಕಿ ಸೋಸಿದೆ. ಆ ಎಣ್ಣೆ ಒಂದು ಚಮಚ ಕಲಸಿದ ಅಕ್ಕಿ ರೊಟ್ಟಿ ಮೊನ್ನೆ ಕುಂಕುಮದ ಬಣ್ಣಕ್ಕೆ ಬಂದಿದೆ. ಮಗಳು ಒಂದು ತುಂಡು ತಿಂದು ಖಾರ ಇಲ್ಲ ಅಂದಳು. ಬುಧವಾರದ ಡಬ್ಬಿಗೆ ಅದೇ.